ತೈವಾನಿನಲ್ಲಿ ಮ್ಯಾಂಡರಿನ್ ಕಲಿಕೆ, ಇಂಟರ್ನ್‌ಶಿಪ್: ಯಾವುದು ಮೊದಲು, ಯಾವುದು ಆಮೇಲೆ

ದೇವನಹಳ್ಳಿ ಕಡೆ ತೈವಾನಿನ ಕಂಪನಿ ಫಾಕ್ಸ್‌ಕಾನ್ ಬಂದಮೇಲೆ ಮ್ಯಾಂಡರಿನ್ ಕಲಿಯಬೇಕು ಅನ್ನುವ ಮಾತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿದೆ. ತೈವಾನಿಗೇ ಹೋಗಿ ಭಾಷೆ ಕಲಿತು, ಜೊತೆಗೆ ಅಲ್ಲಿನ ಕಂಪನಿಯಲ್ಲೋ ಲ್ಯಾಬಿನಲ್ಲೋ ಇಂಟರ್ನ್‌ಶಿಪ್ ಮುಗಿಸಿ ಬರುವುದು ಒಳ್ಳೆಯ ಯೋಜನೆಯೇ. ಆದರೆ ಹೆಚ್ಚಿನವರು ಎಡವುವುದು ಒಂದೇ ಕಡೆ: ಭಾಷಾ ವಿದ್ಯಾರ್ಥಿಯ ವೀಸಾ ಸಿಕ್ಕಿದರೆ ಇಂಟರ್ನ್‌ಶಿಪ್ಪನ್ನೂ ಅದರಲ್ಲೇ ಮಾಡಬಹುದು ಅಂದುಕೊಳ್ಳುತ್ತಾರೆ. ಆಗುವುದಿಲ್ಲ.

ಎರಡು ದಾರಿ, ಎರಡು ವೀಸಾ

ಭಾಷಾ ಕೇಂದ್ರದಲ್ಲಿ ಓದುವವರಿಗೆ ಮೊದಲ ಒಂದು ವರ್ಷ ಕೆಲಸದ ಪರವಾನಗಿ ಸಿಗುವುದಿಲ್ಲ. ವರ್ಷ ಮುಗಿದ ಮೇಲೆ ಶಾಲೆಯ ಮೂಲಕ ಕಾರ್ಮಿಕ ಸಚಿವಾಲಯಕ್ಕೆ ಅರ್ಜಿ ಹಾಕಬಹುದು. ಶುಲ್ಕ 100 ತೈವಾನ್ ಡಾಲರ್. ಪರವಾನಗಿ ಸಿಕ್ಕರೂ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರುವಂತಿಲ್ಲ. ‘ಸಂಬಳ ಇಲ್ಲ, ಸುಮ್ಮನೆ ಕಲಿಯೋಕೆ ಹೋಗ್ತೀನಿ’ ಅನ್ನುವ ವಾದ ನಡೆಯದು. ಕಾನೂನು ನೋಡುವುದು ಕೆಲಸ ಮಾಡಿದಿರೋ ಇಲ್ಲವೋ ಎಂಬುದನ್ನು, ದುಡ್ಡು ತಗೊಂಡಿರೋ ಇಲ್ಲವೋ ಎಂಬುದನ್ನಲ್ಲ. ಸಿಕ್ಕಿಬಿದ್ದರೆ 30,000ದಿಂದ 1,50,000 ತೈವಾನ್ ಡಾಲರ್ ದಂಡ, ಜೊತೆಗೆ ದೇಶ ಬಿಡಬೇಕು. ಒಂದು ತೈವಾನ್ ಡಾಲರ್ ಎಂದರೆ ಸುಮಾರು ಎರಡೂಮುಕ್ಕಾಲರಿಂದ ಮೂರು ರೂಪಾಯಿ. ಲೆಕ್ಕ ನೀವೇ ಹಾಕಿಕೊಳ್ಳಿ.

ಹಾಗಾಗಿ ದಾರಿ ಎರಡೇ. ಒಂದು, ಇಂಟರ್ನ್‌ಶಿಪ್ಪಿಗೆಂದೇ ಇರುವ ಕಾರ್ಯಕ್ರಮದಲ್ಲಿ ಹೋಗಿ ಭಾಷೆಯನ್ನು ಪಕ್ಕದಲ್ಲಿ ಕಲಿಯುವುದು. ಅಲ್ಲಿನ ಶಿಕ್ಷಣ ಸಚಿವಾಲಯ 2015ರಲ್ಲಿ ಶುರುಮಾಡಿದ ‘ಟೀಪ್’ ಈ ಜಾತಿಯದು. ವಿಶ್ವವಿದ್ಯಾಲಯಗಳು ತಮ್ಮ ತಮ್ಮ ಲ್ಯಾಬ್ ಯೋಜನೆಗಳನ್ನು ಟೀಪ್ ಜಾಲತಾಣದಲ್ಲಿ ಹಾಕುತ್ತವೆ. ಸೆಮಿಕಂಡಕ್ಟರ್, ಕೃತಕ ಬುದ್ಧಿಮತ್ತೆ, ಜೈವಿಕ ತಂತ್ರಜ್ಞಾನ ಹೆಚ್ಚು. ಎಷ್ಟೋ ಯೋಜನೆಗಳಲ್ಲಿ ಮ್ಯಾಂಡರಿನ್ ತರಗತಿಯೂ ಸೇರಿರುತ್ತದೆ. ಸ್ಟೈಪೆಂಡ್ ಒಂದೊಂದು ಕಡೆ ಒಂದೊಂದು ಥರ, ಕೆಲವು ಕಡೆ ಏನೂ ಇಲ್ಲ. ಎರಡನೆಯದು, ಮೊದಲು ಒಂದು ವರ್ಷ ಭಾಷೆ ಗಟ್ಟಿ ಮಾಡಿಕೊಂಡು ಆಮೇಲೆ ಕೆಲಸಕ್ಕೆ ಕೈಹಾಕುವುದು.

ಬಿಇ ಅಥವಾ ಎಂಎಸ್ಸಿ ಕೊನೆಯ ವರ್ಷದಲ್ಲಿದ್ದು ಲ್ಯಾಬ್ ಅನುಭವ ಬೇಕಿದ್ದರೆ ಮೊದಲನೆಯದನ್ನು ಹಿಡಿಯಿರಿ. ದುಭಾಷಿ, ಖರೀದಿ, ಮಾರಾಟ, ಕಾರ್ಖಾನೆಯ ನಿರ್ವಹಣೆ ಇಂಥ ಕೆಲಸಗಳ ಮೇಲೆ ಕಣ್ಣಿದ್ದರೆ ಎರಡನೆಯದೇ ಸರಿ. ಲ್ಯಾಬಿನಲ್ಲಿ ಇಂಗ್ಲಿಷಿನಲ್ಲೇ ದಿನ ಕಳೆಯುತ್ತದೆ. ಆರು ತಿಂಗಳಾದರೂ ನೂಡಲ್ಸ್ ಅಂಗಡಿಯಲ್ಲಿ ಬೆರಳು ತೋರಿಸಿ ತಿಂಡಿ ಕೇಳುವವರು ಅಲ್ಲಿಂದಲೇ ಬರುತ್ತಾರೆ.

ವಿದ್ಯಾರ್ಥಿವೇತನ ಮತ್ತು ಕಾಗದಪತ್ರ

ಭಾಷೆ ಕಲಿಯುವವರಿಗೆ ತೈವಾನ್ ಸರ್ಕಾರ ‘ಹ್ವಾಯು’ ವಿದ್ಯಾರ್ಥಿವೇತನ ಕೊಡುತ್ತದೆ. 18 ದಾಟಿರಬೇಕು, ಪಿಯುಸಿ ಮುಗಿದಿರಬೇಕು. ಬೇಸಿಗೆಯ 2 ತಿಂಗಳಿನಿಂದ ಹಿಡಿದು 3, 6, 9, 12 ತಿಂಗಳ ಅವಧಿಗಳಿವೆ. ಅರ್ಜಿ ಸಾಮಾನ್ಯವಾಗಿ ಫೆಬ್ರವರಿ 1ರಿಂದ ಮಾರ್ಚ್ 31ರವರೆಗೆ. ಕರ್ನಾಟಕದವರು ಸಲ್ಲಿಸಬೇಕಾದದ್ದು ಚೆನ್ನೈನಲ್ಲಿರುವ ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರಕ್ಕೆ. ಭಾರತದಲ್ಲಿ ತೈವಾನಿಗೆ ರಾಯಭಾರ ಕಚೇರಿ ಇಲ್ಲ. ವೀಸಾ ಕೆಲಸವನ್ನೂ ಈ ಕೇಂದ್ರವೇ ಮಾಡುತ್ತದೆ.

ಇಲ್ಲಿ ಜನ ತಪ್ಪುವ ಜಾಗ ಇದು: ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದರೆ ಶಾಲೆಗೆ ಹಾಕಿದಂತಾಗುವುದಿಲ್ಲ. ಭಾಷಾ ಕೇಂದ್ರಕ್ಕೆ ಬೇರೆಯೇ ಅರ್ಜಿ, ಬೇರೆಯೇ ಕೊನೆಯ ದಿನಾಂಕ. ಹಣದ ವಿಷಯಕ್ಕೂ ಷರತ್ತುಗಳಿವೆ. ವಾರಕ್ಕೆ ಕನಿಷ್ಠ 15 ಗಂಟೆ ತರಗತಿ ಇರಬೇಕು. ಒಂದು ತಿಂಗಳಲ್ಲಿ 12 ಗಂಟೆಗಿಂತ ಹೆಚ್ಚು ತಪ್ಪಿಸಿದರೆ ಒಂದು ತಿಂಗಳ ಹಣ ಕೈಬಿಡುತ್ತದೆ. ಸರಾಸರಿ ಅಂಕ 80ಕ್ಕಿಂತ ಕೆಳಗಿಳಿದರೂ ಅದೇ ಗತಿ. ವಿಮಾನ ಟಿಕೆಟ್ ನಿಮ್ಮದೇ. ಮೊದಲ ಕಂತು ಕೈಗೆ ಬರುವುದಕ್ಕೆ ಸಮಯ ಹಿಡಿಯುವುದರಿಂದ ಎರಡು ತಿಂಗಳ ಖರ್ಚು ಮತ್ತು ಬಾಡಿಗೆ ಮುಂಗಡ ಜೊತೆಯಲ್ಲಿಟ್ಟುಕೊಂಡೇ ಹತ್ತಬೇಕು.

ಅಂಕಪಟ್ಟಿ, ಪದವಿ ಪತ್ರಗಳ ದೃಢೀಕರಣಕ್ಕೆ ತಿಂಗಳುಗಟ್ಟಲೆ ಬಿಡುವಿಟ್ಟುಕೊಳ್ಳಿ. ಮೊದಲು ರಾಜ್ಯ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ, ಕೊನೆಗೆ ಚೆನ್ನೈ ಕೇಂದ್ರದಲ್ಲಿ ಮುದ್ರೆ ಬೀಳಬೇಕು. ಏಜೆಂಟರು ‘ಅಪೋಸ್ಟಿಲ್ ಮಾಡಿಸಿದರೆ ಎಲ್ಲ ದೇಶಕ್ಕೂ ಆಗುತ್ತೆ’ ಅನ್ನುತ್ತಾರೆ. ಅಪೋಸ್ಟಿಲ್ ಎಂದರೆ ಒಂದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ದೇಶಗಳು ಒಪ್ಪುವ ದೃಢೀಕರಣ ಮುದ್ರೆ. ತೈವಾನ್ ಆ ಒಪ್ಪಂದದಲ್ಲಿಲ್ಲ, ಹಾಗಾಗಿ ಅಪೋಸ್ಟಿಲ್ ಒಂದೇ ಸಾಕಾಗುವುದಿಲ್ಲ. ಸೆಪ್ಟೆಂಬರಿಗೆ ಹೋಗುವವರು ಹಿಂದಿನ ನವೆಂಬರಿನಲ್ಲೇ ಇದನ್ನು ಶುರುಮಾಡಿದರೆ ಉಸಿರಾಡಲು ಜಾಗ ಇರುತ್ತದೆ.

ವೀಸಾ ಕೈಗೆ ಬಂದಾಗ ಷರಾ ಓದಿ. ‘ವಿಸ್ತರಣೆ ಇಲ್ಲ’ ಎಂಬ ಮುದ್ರೆ ಅದರ ಮೇಲಿದ್ದರೆ ಅಲ್ಲಿ ಹೋದಮೇಲೆ ಏನೂ ಮಾಡಲಾಗದು, ಅವಧಿ ಮುಗಿದಾಗ ಹೊರಡಬೇಕು. ಮುದ್ರೆ ಇಲ್ಲದಿದ್ದರೆ 60 ದಿನದ ವೀಸಾವನ್ನು ವಲಸೆ ಕಚೇರಿಯಲ್ಲಿ ಒಟ್ಟು 180 ದಿನಗಳವರೆಗೆ ವಿಸ್ತರಿಸಬಹುದು. ನಾಲ್ಕು ತಿಂಗಳು ಓದಿ, ಮುಂದಿನ ಮೂರು ತಿಂಗಳಿಗೆ ದಾಖಲಾಗಿದ್ದರೆ ನಿವಾಸಿ ವೀಸಾಗೆ ಬದಲಾಯಿಸಿಕೊಂಡು ‘ಎಆರ್‌ಸಿ’ ಎಂಬ ವಿದೇಶಿಯರ ನಿವಾಸ ಕಾರ್ಡ್ ಪಡೆಯಬಹುದು. ಪ್ರತಿ ಹಂತದಲ್ಲೂ ಅವರು ಮೊದಲು ಕೇಳುವುದು ಹಾಜರಾತಿ ಪಟ್ಟಿ. ಎಆರ್‌ಸಿ ಬಂದು ಆರು ತಿಂಗಳಾದ ಮೇಲೆ ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಬಹುದು. ಈ ಆರು ತಿಂಗಳಲ್ಲಿ ಊರಿಗೆ ಬರುವುದಾದರೆ ಒಂದೇ ಸಲ, ಅದೂ 30 ದಿನದೊಳಗೆ ವಾಪಸಾಗಬೇಕು. ಮೀರಿದರೆ ಎಣಿಕೆ ಮತ್ತೆ ಸೊನ್ನೆಯಿಂದ.

ಎಲ್ಲಿ ಓದುವುದು

ತೈಪೆಯಲ್ಲಿ ರಾಷ್ಟ್ರೀಯ ತೈವಾನ್ ನಾರ್ಮಲ್ ವಿಶ್ವವಿದ್ಯಾಲಯದ ಮ್ಯಾಂಡರಿನ್ ತರಬೇತಿ ಕೇಂದ್ರ 1956ರಿಂದ ಇದೆ, ಹೆಸರೂ ದೊಡ್ಡದು. ಆದರೆ ಬಿಡುವಿನಲ್ಲಿ ಸಹಪಾಠಿಗಳೆಲ್ಲ ಇಂಗ್ಲಿಷಿಗೆ ಜಾರುವುದು ಅಲ್ಲೇ ಹೆಚ್ಚು. ಮೊದಲಿನಿಂದ ಕಲಿಯುವವರಿಗೆ ತೈನಾನ್‌ನ ಚೆಂಗ್ ಕುಂಗ್ ವಿಶ್ವವಿದ್ಯಾಲಯ ಅಥವಾ ಕಾವ್‌ಶ್ಯುಂಗ್‌ನ ವೆನ್‌ಝಾವ್ ನಮ್ಮ ಸಲಹೆ. ಬಾಡಿಗೆ ಕಡಿಮೆ, ಬಿಸಿಲು ಹೆಚ್ಚು, ಅಂಗಡಿಯವರು ಇಂಗ್ಲಿಷ್ ಆಡುವುದು ಅಪರೂಪ. ತೈಪೆಯ ಚಳಿಗಾಲ ಬರೀ 12–15 ಡಿಗ್ರಿ ಅನ್ನಿಸಬಹುದು, ಆದರೆ ಮನೆಗಳಲ್ಲಿ ಹೀಟರ್ ಇರುವುದಿಲ್ಲ, ವಾರಗಟ್ಟಲೆ ಜಿಟಿಜಿಟಿ ಮಳೆ, ಬಟ್ಟೆ ಒಣಗುವುದಿಲ್ಲ.

ಅಲ್ಲಿ ಕಲಿಸುವುದು ಸಾಂಪ್ರದಾಯಿಕ ಲಿಪಿ, ಪರೀಕ್ಷೆ ಟಾಕ್‌ಫಲ್. ಚೀನಾದ ಕಂಪನಿಗಳು ಕೇಳುವುದು ಎಚ್‌ಎಸ್‌ಕೆ ಪರೀಕ್ಷೆ ಮತ್ತು ಸರಳೀಕೃತ ಲಿಪಿ. ಸಾಂಪ್ರದಾಯಿಕ ಲಿಪಿ ಬಂದವರಿಗೆ ಸರಳ ಲಿಪಿ ಓದುವುದು ಅಷ್ಟು ಕಷ್ಟವಲ್ಲ, ಹಾಗಾಗಿ ಇದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಕನ್ನಡ ಬಾಯಿಗೆ ಮ್ಯಾಂಡರಿನ್

ಹೊರಡುವ ಮೊದಲೇ ಮಾಡಬೇಕಾದ ಕೆಲಸ ಉಚ್ಚಾರಣೆಯದು. ಇದರಲ್ಲಿ ಕನ್ನಡದವರಿಗೆ ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ದೊಡ್ಡ ಅನುಕೂಲ ಇದೆ, ಆದರೆ ಮ್ಯಾಂಡರಿನ್ ಉಚ್ಚಾರಣೆ ತೋರಿಸುವ ಪಿನ್‌ಯಿನ್ ಬರಹ ಇಂಗ್ಲಿಷ್ ಅಕ್ಷರದಲ್ಲಿರುವುದರಿಂದ ಅದನ್ನು ಕೈಯಾರೆ ಕಳೆದುಕೊಳ್ಳುತ್ತೇವೆ. ಪಿನ್‌ಯಿನ್‌ನ ‘ಬಿ’ ಅಕ್ಷರ ನಮ್ಮ ‘ಬ’ ಅಲ್ಲ, ‘ಪ’. ‘ಪಿ’ ಅಕ್ಷರ ಮಹಾಪ್ರಾಣದ ‘ಫ’. ಫ್ಯಾನ್ ಎನ್ನುವಾಗಿನ ಫ ಅಲ್ಲ, ತುಟಿ ಮುಚ್ಚಿ ಉಸಿರು ಬಿಡುವ ಫ. ಹಾಗೆಯೇ ‘ಡಿ’, ‘ಟಿ’ಗಳು ತ, ಥ, ‘ಜಿ’, ‘ಕೆ’ಗಳು ಕ, ಖ. ‘ಜೆ’ ಎಂದರೆ ಚ, ‘ಕ್ಯೂ’ ಎಂದರೆ ಛ, ‘ಎಕ್ಸ್’ ಎಂದರೆ ಶ. ‘ಎಸ್‌ಎಚ್’ ಬರೆದಲ್ಲಿ ನಾಲಿಗೆ ಮೇಲೆ ಮಡಚಿದ ಷ. ಪೂರ್ತಿ ಒಂದೇ ಅಲ್ಲ, ಆದರೆ ಹತ್ತಿರ. ಆಡುಮಾತಿನಲ್ಲಿ ನಾವು ಮಹಾಪ್ರಾಣ ನುಂಗುತ್ತೇವೆ, ಶ–ಷ ಒಂದೇ ಮಾಡುತ್ತೇವೆ. ಇಲ್ಲಿ ಅವೇ ಅರ್ಥ ಬದಲಿಸುತ್ತವೆ. ಅಂಗೈಯನ್ನು ಬಾಯಿ ಮುಂದೆ ಹಿಡಿದು ಹೇಳಿ: ‘ಥ’ಗೆ ಗಾಳಿ ತಾಗಬೇಕು, ‘ತ’ಗೆ ತಾಗಬಾರದು.

ನಮ್ಮದೇ ಆದ ಇನ್ನೊಂದು ದೋಷ ಪದದ ಕೊನೆಗೆ ‘ಉ’ ಅಂಟಿಸುವುದು. ಬಸ್ಸನ್ನು ಬಸ್ಸು ಮಾಡಿದ ಹಾಗೆ ‘ಫಾನ್’ ಅನ್ನು ‘ಫಾನು’ ಮಾಡಿದರೆ ಕೇಳುವವರಿಗೆ ಎರಡು ಅಕ್ಷರ ಕೇಳಿಸುತ್ತದೆ, ಗೊಂದಲವಾಗುತ್ತದೆ. ತುಟಿ ದುಂಡಗೆ ಮಾಡಿ ‘ಈ’ ಹೇಳುವ ಸ್ವರ ಕನ್ನಡದಲ್ಲಿಲ್ಲ. ಅದನ್ನು ಕನ್ನಡಿ ಮುಂದೆ ನಿಂತೇ ಕಲಿಯಬೇಕು.

ಸ್ವರಭಾರ ಎಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ. ಅವು ನಾಲ್ಕು (ಸಮ, ಏರು, ಕೆಳಗೆ, ಬೀಳು), ಜೊತೆಗೊಂದು ಹಗುರ. ಒಂದೊಂದನ್ನೇ ಬಿಡಿಬಿಡಿಯಾಗಿ ಉರುಹೊಡೆದರೆ ವಾಕ್ಯದಲ್ಲಿ ಉಳಿಯುವುದಿಲ್ಲ. ಎರಡೆರಡು ಅಕ್ಷರದ ಜೋಡಿಗಳಲ್ಲಿ ಅಭ್ಯಾಸ ಮಾಡಿ: ಮೊದಲ ಅಕ್ಷರಕ್ಕೆ ನಾಲ್ಕು, ಎರಡನೆಯದಕ್ಕೆ ಹಗುರವೂ ಸೇರಿ ಐದು, ಒಟ್ಟು 20 ಜೋಡಿ. ಪ್ರತಿ ಜೋಡಿಗೂ ದಿನಬಳಕೆಯ ಒಂದು ಪದ ಆರಿಸಿ, ಮೂಲ ದನಿ ಕೇಳಿ, ಫೋನಿನಲ್ಲಿ ನಿಮ್ಮದನ್ನು ರೆಕಾರ್ಡ್ ಮಾಡಿ ಬೆನ್ನುಬೆನ್ನಿಗೆ ಹೋಲಿಸಿ. ಮೂರನೆಯ ಸ್ವರಭಾರವನ್ನು ಪುಸ್ತಕದ ಚಿತ್ರ ನೋಡಿ ಇಳಿಸಿ ಏರಿಸಲು ಹೋಗುತ್ತಾರೆ. ಮಾತಿನಲ್ಲಿ ಅದು ಹೆಚ್ಚಾಗಿ ಕೆಳಗೇ ಉಳಿಯುತ್ತದೆ. ಎರಡು ಮೂರನೆಯವು ಒಟ್ಟಿಗೆ ಬಂದರೆ ಮೊದಲಿನದು ಎರಡನೆಯದಾಗುತ್ತದೆ. ಪ್ರಶ್ನೆ ಕೇಳುವಾಗ ಕನ್ನಡದ ಅಭ್ಯಾಸದಂತೆ ಕೊನೆಯ ಪದವನ್ನು ಎಳೆದು ಎತ್ತಬೇಡಿ, ಪದದ ಸ್ವರಭಾರವೇ ಕೆಟ್ಟುಹೋಗುತ್ತದೆ.

ತೈವಾನಿನವರು ಎಷ್ಟೋ ಜನ ನಾಲಿಗೆ ಮಡಚುವುದಿಲ್ಲ. ಹೀಗಾಗಿ ‘ಸ್’ (ನಾಲ್ಕು) ಮತ್ತು ‘ಷ್’ (ಹತ್ತು) ಅವರ ಬಾಯಲ್ಲಿ ಒಂದೇ ಥರ ಕೇಳಿಸುತ್ತವೆ. ಹದಿನಾಲ್ಕೋ ನಲವತ್ತೋ ತಿಳಿಯುವುದು ಸ್ವರಭಾರದಿಂದ ಮಾತ್ರ: ಹತ್ತು ಏರುತ್ತದೆ, ನಾಲ್ಕು ಬೀಳುತ್ತದೆ. ಏರಿ ಬಿದ್ದರೆ ಹದಿನಾಲ್ಕು, ಬಿದ್ದು ಏರಿದರೆ ನಲವತ್ತು. ಮಾರುಕಟ್ಟೆಗೆ ಹೋಗುವ ಮುನ್ನ ಇದನ್ನು ಕಿವಿಗೆ ಕೂರಿಸಿಕೊಳ್ಳಿ.

ಕೋಣೆ, ಊಟ

ಬಾಡಿಗೆಗೆ ‘591’ ಜಾಲತಾಣ ನೋಡಿ. ‘ಯಾಫಾಂಗ್’ ಎಂದರೆ ಬಚ್ಚಲು ಹಂಚಿಕೊಳ್ಳುವ ಕೋಣೆ, ‘ಥಾವ್‌ಫಾಂಗ್’ ಎಂದರೆ ಸ್ವಂತ ಬಚ್ಚಲಿನದು. ಮುಂಗಡ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ. ತಾರಸಿ ಮೇಲೆ ತಗಡು ಹೊದಿಸಿ ಕಟ್ಟಿದ ಕೋಣೆ ಅಗ್ಗ, ಆದರೆ ಬೇಸಿಗೆಯಲ್ಲಿ ಎಸಿ ಬಿಲ್ಲು ಆ ಉಳಿತಾಯವನ್ನು ತಿಂದುಹಾಕುತ್ತದೆ. ಕರೆಂಟಿಗೆ ಯೂನಿಟ್ಟಿಗೆ ಎಷ್ಟು ಎಂದು ಕರಾರಿನಲ್ಲೇ ಬರೆಸಿ.

ಬಹಳ ಕೋಣೆಗಳಲ್ಲಿ ಅಡುಗೆಮನೆ ಇರುವುದಿಲ್ಲ. ಆಗ ಕೈಹಿಡಿಯುವುದು ತಾತುಂಗ್ ಎಲೆಕ್ಟ್ರಿಕ್ ಪಾತ್ರೆ. ಒಳಗಿನ ಪಾತ್ರೆಯಲ್ಲಿ ಅಕ್ಕಿ, ಹೊರಗಿನದರಲ್ಲಿ ನೀರು. ಹೊರಗಿನ ನೀರು ಆವಿಯಾದ ಕೂಡಲೇ ಸ್ವಿಚ್ ಟಕ್ ಅಂತ ಮೇಲೇಳುತ್ತದೆ. ಅಂದರೆ ಬೇಯುವ ಹೊತ್ತನ್ನು ಅಳೆಯುವುದು ನೀರಿನಿಂದ. ಜೊತೆಗೆ ಬರುವ ಅಳತೆ ಲೋಟದಲ್ಲಿ ಒಂದು ಲೋಟಕ್ಕೆ ಸುಮಾರು 20 ನಿಮಿಷ. ಅಲ್ಲಿನ ಗಿಡ್ಡಕ್ಕಿಗೆ ಒಳಗೆ ಸಮಸಮ ನೀರು, ಹೊರಗೆ ಒಂದು ಲೋಟ. ನೆನೆಸಿದ ತೊಗರಿಬೇಳೆಗೆ ಹೊರಗೆ ಎರಡು ಲೋಟವಾದರೂ ಬೇಕು. ಸೋನಾ ಮಸೂರಿಯ ಅಳತೆಯಲ್ಲಿ ನೀರು ಹಾಕಿದರೆ ಅನ್ನ ಗಂಜಿಯಾಗುತ್ತದೆ.

ಸಸ್ಯಾಹಾರಿಗಳಿಗೆ ತೈವಾನ್ ಅನುಕೂಲದ ಜಾಗ. ‘ವೊ ಛ್ ಸು’ (ಮೊದಲನೆಯದು ಕೆಳಗೆ, ಎರಡನೆಯದು ಸಮ, ಕೊನೆಯದು ಬೀಳು) ಎಂದರೆ ಅರ್ಥವಾಗುತ್ತದೆ. ಫಲಕದಲ್ಲಿ ಸ್ವಸ್ತಿಕ ಇರುವ ಹೋಟೆಲು ಸಸ್ಯಾಹಾರಿ. ಅಂಥ ಬಹಳ ಕಡೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಪೊಟ್ಟಣಗಳ ಮೇಲೆ ಐದು ಬಗೆ ನಮೂದಿರುತ್ತದೆ: ಶುದ್ಧ, ಮೊಟ್ಟೆ ಸೇರಿದ್ದು, ಹಾಲು ಸೇರಿದ್ದು, ಎರಡೂ ಸೇರಿದ್ದು, ಈರುಳ್ಳಿ–ಬೆಳ್ಳುಳ್ಳಿ ಜಾತಿ ಸೇರಿದ್ದು. ಮಾಮೂಲಿ ಹೋಟೆಲಿನಲ್ಲಿ ಬರೀ ಸೊಪ್ಪು ಕೇಳಿದರೂ ಸಾರು ಮಾಂಸದ್ದಿರಬಹುದು, ಒಗ್ಗರಣೆ ಹಂದಿ ಕೊಬ್ಬಿನದಿರಬಹುದು.

ಇಂಟರ್ನ್‌ಶಿಪ್ ಹುಡುಕುವಾಗ

ಟೀಪ್ ಅರ್ಜಿಗೆ ಪ್ರೊಫೆಸರರಿಗೆ ನೇರ ಇಮೇಲ್ ಬರೆಯಿರಿ: ಅವರ ಯಾವ ಕೆಲಸಕ್ಕೆ ನಿಮ್ಮ ಯಾವ ಕೌಶಲ ಹೊಂದುತ್ತದೆ ಎಂದು ಐದಾರು ಸಾಲು, ಜೊತೆಗೆ ಅಂಕಪಟ್ಟಿ. ಐವತ್ತು ಜನಕ್ಕೆ ಒಂದೇ ಪತ್ರ ಕಳಿಸಿದರೆ ಉತ್ತರ ಬರದು. ಕಂಪನಿಗಳಿಗಾದರೆ ‘104’ ಎಂಬ ಉದ್ಯೋಗ ತಾಣ. ಚೀನೀ ಭಾಷೆಯ ಬಯೋಡೇಟಾ ಬೇಕು, ಅದನ್ನು ಶಿಕ್ಷಕರಿಗೆ ತೋರಿಸಿ ತಿದ್ದಿಸಿ. ಮಾತುಕತೆಯೆಲ್ಲ ಲೈನ್ ಆ್ಯಪಿನಲ್ಲಿ. ವಾಟ್ಸ್ಯಾಪ್ ಅಲ್ಲಿ ನಡೆಯದು. ಮಧ್ಯಾಹ್ನ ಊಟವಾದ ಮೇಲೆ ಕಚೇರಿಯ ದೀಪ ಆರಿಸಿ ಎಲ್ಲರೂ ಮೇಜಿನ ಮೇಲೆ ತಲೆಯಿಟ್ಟು ಮಲಗಿದರೆ ಗಾಬರಿ ಬೇಡ, ಆ ಹೊತ್ತಿನಲ್ಲಿ ಫೋನ್ ಮಾಡಬೇಡಿ ಅಷ್ಟೇ.

ಸಂಬಳವಿದ್ದರೆ ತೆರಿಗೆಯೂ ಇದೆ. ವರ್ಷದಲ್ಲಿ 183 ದಿನಕ್ಕಿಂತ ಕಡಿಮೆ ಇದ್ದವರ ಸಂಬಳದಿಂದ 18 ಶೇಕಡಾ ಹಿಡಿಯುತ್ತಾರೆ. ಕನಿಷ್ಠ ವೇತನದ ಒಂದೂವರೆ ಪಟ್ಟಿನೊಳಗಿದ್ದರೆ 6 ಶೇಕಡಾ. 183 ದಿನ ತುಂಬಿದರೆ ನಿವಾಸಿಯ ಲೆಕ್ಕ, ಹೆಚ್ಚಿಗೆ ಹಿಡಿದದ್ದು ಮೇ ತಿಂಗಳಿನ ರಿಟರ್ನ್ ಸಲ್ಲಿಕೆಯಲ್ಲಿ ವಾಪಸ್ ಬರುತ್ತದೆ. ಮೇಗೆ ಮೊದಲೇ ದೇಶ ಬಿಡುವವರು ಹೊರಡುವ ಮುನ್ನ ತೆರಿಗೆ ಕಚೇರಿಗೆ ಹೋಗಿ ರಿಟರ್ನ್ ಸಲ್ಲಿಸಬೇಕು. ಬ್ಯಾಂಕ್ ಖಾತೆಯನ್ನು ಅದಾದ ಮೇಲೆ ಮುಚ್ಚಿಸಿ, ಮುಂಚೆ ಮುಚ್ಚಿದರೆ ಆ ಹಣ ಬಂದು ಸೇರಲು ಜಾಗವಿರುವುದಿಲ್ಲ.