ಹಸಿರು ಕಾರು ಕೊಳ್ಳುವುದಾದರೆ ಮೊದಲು ಬಿಸಿಲಿಗೆ ತರಿಸಿ

ಹಸಿರು ಕಾರೇ ಬೇಕು ಎಂದು ಮನಸ್ಸು ಮಾಡುವುದು ಸುಲಭ. ಯಾವ ಹಸಿರು ಎಂಬಲ್ಲಿ ತೊಡಕು ಶುರುವಾಗುತ್ತದೆ. ಬಿಳಿ ಕಾರು ಎಲ್ಲಿ ನಿಂತರೂ ಬಿಳಿಯೇ. ಹಸಿರಿನೊಳಗೆ ಮಾತ್ರ ಹಳದಿಯೋ ನೀಲಿಯೋ ಕಪ್ಪೋ ಅಡಗಿ ಕೂತಿರುತ್ತದೆ, ಬೆಳಕು ಬದಲಾದರೆ ಅದು ಹೊರಗೆ ಬರುತ್ತದೆ.

ಆದ್ದರಿಂದ ಮೊದಲ ಕೆಲಸ, ಶೇಡ್ ಕಾರ್ಡನ್ನು ಪಕ್ಕಕ್ಕಿಡುವುದು. ಹೆಬ್ಬೆರಳಿನಷ್ಟು ಚೂರಿನಲ್ಲಿ ಹಿತವಾಗಿ ಕಂಡ ಗಿಳಿ ಹಸಿರು ಬಾನೆಟ್ ತುಂಬ ಹರಡಿದಾಗ ಕಣ್ಣಿಗೆ ಹೊಡೆಯುತ್ತದೆ. ಹಗಲಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿ ಗ್ರಹಿಸುವುದು 555 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ ಬೆಳಕನ್ನು, ಅಂದರೆ ಹಳದಿ ಬೆರೆತ ಹಸಿರನ್ನೇ. ಫೋನಿನಲ್ಲಿ ನೋಡಿದ ಫೋಟೊವನ್ನೂ ನಂಬಬೇಡಿ.

ಎರಡನೆಯದು, ಅದೇ ಬಣ್ಣದ ಇಡೀ ಕಾರನ್ನು ಶೋರೂಂ ದೀಪಗಳಿಂದ ಆಚೆ ತರಿಸಿ ನೋಡುವುದು. ಕಡು ಹಸಿರಾದರೆ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಬಾಗಿಲಿನುದ್ದಕ್ಕೂ ಕಣ್ಣು ಹಾಯಿಸಿ. ಬಿಸಿಲು ಬಿದ್ದ ಉಬ್ಬು ಗೆರೆ ಪಾಚಿಯಂತೆ ಹೊಳೆಯುತ್ತಿರುತ್ತದೆ. ಬೆರಳಗಲ ಕೆಳಗೆ, ನೆರಳಿನ ಮಡಿಕೆಯಲ್ಲಿ, ಅದೇ ಬಣ್ಣ ಹೆಚ್ಚುಕಡಿಮೆ ಕಪ್ಪು. ಸಂಜೆ ಇನ್ನೊಮ್ಮೆ ಹೋಗಿ. ಹಳದಿ ಬೀದಿದೀಪದ ಕೆಳಗೆ ಅದು ಕಂದು ತಿರುಗಬಹುದು. ಆಗಲೂ ಇಷ್ಟವಾದರೆ ಮಾತ್ರ ಮುಂದುವರಿಯಿರಿ. ಇದೊಂದು ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ.

ಆಮೇಲೆ ಬಣ್ಣದ ಜಾತಿ ಕೇಳಿ. ಸಾಲಿಡ್ ಬಣ್ಣ ಎಲ್ಲ ಕಡೆಯಿಂದ ಒಂದೇ ಸಮ. ಮೆಟಾಲಿಕ್‌ನಲ್ಲಿ ಅಲ್ಯೂಮಿನಿಯಂನ ಸಣ್ಣ ಚಕ್ಕೆಗಳಿರುತ್ತವೆ. ನೇರ ನೋಡಿದರೆ ಹೊಳಪು, ಓರೆಯಾಗಿ ನೋಡಿದರೆ ಗಾಢ. ಚೆಂದ ಹೌದು, ಆದರೆ ಮುಂದೆ ಎಲ್ಲಾದರೂ ತಾಗಿಸಿಕೊಂಡರೆ ಹೊಸ ಬಣ್ಣದ ಚಕ್ಕೆಗಳೂ ಹಳೆಯವುಗಳಂತೆಯೇ ಕೂರಬೇಕು. ಅದಕ್ಕೇ ಪೇಂಟರ್‌ಗಳು ಪಕ್ಕದ ಬಾಗಿಲಿಗೂ ಬಣ್ಣ ಎಳೆದು ಹೊಂದಿಸುತ್ತಾರೆ. ಹೊಸ ಕಾರಿನಲ್ಲೂ ಪ್ಲಾಸ್ಟಿಕ್ ಬಂಪರ್ ಚಕ್ರದ ಮೇಲಿನ ಲೋಹದ ಫೆಂಡರಿಗೆ ಸೇರುವ ಅಂಚನ್ನು ಗಮನಿಸಿ, ವ್ಯತ್ಯಾಸವಿದ್ದರೆ ಮೊದಲು ಕಾಣುವುದು ಅಲ್ಲೇ.

ದಿನವೂ ಬಯಲಲ್ಲಿ ನಿಲ್ಲುವ ಕಾರಿಗೆ ಬೂದು ಬೆರೆತ ಮಧ್ಯಮ ಹಸಿರೇ ಸರಿ ಎಂಬುದು ನನ್ನ ಅಭಿಪ್ರಾಯ, ಧೂಳು ಬೇಗ ಎದ್ದು ಕಾಣುವುದಿಲ್ಲ. ಕಡು ಹಸಿರಿನಲ್ಲಿ ಒಣಗಿದ ನೀರಿನ ಕಲೆ, ಒರೆಸುವ ಬಟ್ಟೆಯ ನವಿರು ಗೀರು ಎಲ್ಲವೂ ಕಾಣುತ್ತವೆ. ಬಣ್ಣವನ್ನು ಕಾಯುವ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ ಅಷ್ಟೇ. ನೆರಳಿದ್ದು, ಕೈಯಾರೆ ತೊಳೆಯುವ ತಾಳ್ಮೆಯೂ ಇದ್ದವರಿಗೆ ಕಡು ಹಸಿರಿನಷ್ಟು ತೃಪ್ತಿ ಕೊಡುವ ಬಣ್ಣ ಬೇರೊಂದಿಲ್ಲ. ಆಲಿವ್ ಹಸಿರಿನ ಮೇಲೆ ಆಸೆಯಿದ್ದರೆ ನಿಯಮ ವಿಚಾರಿಸಿಕೊಳ್ಳಿ. ಕೆಲವು ದೇಶಗಳಲ್ಲಿ ಅದು ಸೇನಾ ವಾಹನಗಳಿಗೆ ಮೀಸಲು.

ಇನ್ನು ಬಣ್ಣದ ಹೆಸರಿಗೆ ಮರುಳಾಗಬೇಡಿ. 1903ರಲ್ಲಿ ಗಾರ್ಡನ್ ಬೆನೆಟ್ ಎಂಬ ಕಾರ್ ರೇಸ್ ಐರ್ಲೆಂಡಿನಲ್ಲಿ ನಡೆದಾಗ ಆತಿಥೇಯರ ಗೌರವಾರ್ಥ ಬ್ರಿಟಿಷ್ ಕಾರುಗಳು ಹಸಿರು ಬಳಿದುಕೊಂಡವು. ಮುಂದೆ ‘ಬ್ರಿಟಿಷ್ ರೇಸಿಂಗ್ ಗ್ರೀನ್’ ಎಂಬ ಹೆಸರು ನಿಂತಿತು, ಆದರೆ ಆ ಹೆಸರಿಗೆ ಇಂಥದ್ದೇ ಎಂಬ ಒಂದು ಛಾಯೆ ಇಲ್ಲ. ಒಂದು ಕಂಪನಿಯದು ಕಪ್ಪಿಗೆ ಹತ್ತಿರ, ಇನ್ನೊಂದರದು ಎಲೆಗೆ ಹತ್ತಿರ. ಹಾಗಾಗಿ ಬುಕಿಂಗ್ ಮಾಡುವಾಗ ಬಣ್ಣದ ಕೋಡ್ ಬರೆಸಿಕೊಳ್ಳಿ. ಕಾರು ಕೈಗೆ ಬಂದ ದಿನ ಬಾಗಿಲಿನ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಇರುವ ಪಟ್ಟಿಯ ಜೊತೆ ತಾಳೆ ನೋಡಿ, ಅದೇ ಕೋಡಿನ ಸಣ್ಣ ಟಚ್ ಅಪ್ ಬಾಟಲಿಯೊಂದನ್ನು ಆಗಲೇ ತೆಗೆದಿಟ್ಟುಕೊಳ್ಳಿ.