ಡೌನ್‌ರಿಗ್ಗರ್‌ಗೆ ಗ್ಲಾಸ್ ರಾಡ್: ಐದು ವರ್ಷ, ಏಳು ಕೋಲು

ಹೋದ ಸೆಪ್ಟೆಂಬರ್‌ನ ಒಂದು ಶನಿವಾರ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಎಂಬ ಕಡಲ ಒಳಚಾಚಿನ ಪೊಸೆಷನ್ ಬಾರ್‌ನಲ್ಲಿ ಬೆಳಗ್ಗೆ ಆರೂವರೆಯಿಂದ ಹತ್ತರೊಳಗೆ ಐದು ಸಲ ಕ್ಲಿಪ್ ಬಿಚ್ಚಿತು. (ಡೌನ್‌ರಿಗ್ಗರ್ ಅಂದರೆ ಸೀಸದ ಗುಂಡನ್ನು, ಅಂದರೆ ಬಾಲ್ ಅನ್ನು, ತಂತಿಯಲ್ಲಿ ಆಳಕ್ಕೆ ಇಳಿಸುವ ರಾಟೆ. ಗಾಳದ ಲೈನನ್ನು ಅದಕ್ಕೆ ಕ್ಲಿಪ್‌ನಲ್ಲಿ ಕಚ್ಚಿಸಿರುತ್ತೇವೆ, ಮೀನು ಎಳೆದರೆ ಕ್ಲಿಪ್ ಬಿಚ್ಚುತ್ತದೆ.) ಐದೂ ಮೀನು ದೋಣಿಯ ಪಕ್ಕಕ್ಕೆ ಬಂದವು. ಮೂರು ಸಿಲ್ವರ್ (ಕೋಹೋ ಸಾಲ್ಮನ್) ಕೂಲರ್ ಸೇರಿದವು. ಉಳಿದೆರಡಕ್ಕೆ ಬಾಲದ ಹತ್ತಿರದ ಪುಟ್ಟ ರೆಕ್ಕೆ ಹಾಗೇ ಇತ್ತು. ಹ್ಯಾಚರಿಯಲ್ಲಿ ಸಾಕಿದ ಮರಿಗಳಿಗೆ ಆ ರೆಕ್ಕೆ ಕತ್ತರಿಸಿ ಬಿಡುತ್ತಾರೆ, ಅಂದರೆ ಇವು ಹ್ಯಾಚರಿಯವಲ್ಲ, ಕಾಡುಮೀನು. ಅವನ್ನು ಮೇಲೆತ್ತದೆ ನೀರಿನಲ್ಲೇ ಗಾಳ ಬಿಡಿಸಿ ಕಳಿಸಿದೆವು.

ಐದಕ್ಕೆ ಐದು. ಪ್ಯೂಜೆಟ್ ಸೌಂಡ್‌ನಲ್ಲಿ ಬಾರ್ಬ್ (ಮೀನು ಕಳಚದಂತೆ ತಡೆಯುವ ಹಿಮ್ಮುಳ್ಳು) ಇಲ್ಲದ ಗಾಳದಲ್ಲಿ ಸಾಲ್ಮನ್ ಹಿಡಿಯುವವರಿಗೆ ಇದರ ಬೆಲೆ ಗೊತ್ತು. ಅದನ್ನು ಹಿಡಿದದ್ದು ಎಲ್ಲರೂ ಬೇಡ ಅಂದಿದ್ದ ಗ್ಲಾಸ್ (ಫೈಬರ್‌ಗ್ಲಾಸ್) ರಾಡ್‌ನಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2019ರಲ್ಲಿ 18 ಅಡಿಯ ಹಳೇ ಅಲ್ಯೂಮಿನಿಯಂ ದೋಣಿ ಕೊಂಡೆ. ಎರಡು ಸ್ಕಾಟಿ ಡೌನ್‌ರಿಗ್ಗರ್ ಅದರ ಜೊತೆಗೇ ಬಂದವು. ರಾಡ್ ಮಾತ್ರ ಇರಲಿಲ್ಲ. ಅಂಗಡಿಗೆ ಹೋಗಿ, ಅಲ್ಲಿದ್ದವರು ಹೊಗಳಿದ್ದನ್ನು ನಂಬಿ, ಸುಮಾರು 210 ಡಾಲರ್ ಕೊಟ್ಟು ಎಂಟೂವರೆ ಅಡಿಯ ಗ್ರಾಫೈಟ್ ರಾಡ್ ತಂದೆ. ಹಗುರ, ತೆಳ್ಳಗೆ, ಕೈಯಲ್ಲಿ ಹಿಡಿದರೆ ಖುಷಿಯಾಗುತ್ತಿತ್ತು. ತುದಿ ಮಾತ್ರ ಬಗ್ಗುತ್ತದೆ, ಕೆಳಗೆಲ್ಲ ಕಬ್ಬಿಣದ ಸಲಾಕೆ. ನದಿಯಲ್ಲಿ ಕೈಯಲ್ಲೇ ಹಿಡಿದು ಗಾಳ ಹಾಕುವವರಿಗೆ ಅದು ಬಹಳ ಒಳ್ಳೆಯ ಕೋಲು. ಡೌನ್‌ರಿಗ್ಗರ್‌ನಲ್ಲಿ ರಾಡ್ ಇಡೀ ದಿನ ಹೋಲ್ಡರ್‌ನಲ್ಲಿ ಕೂತಿರುತ್ತದೆ. ನಮ್ಮ ಕೈಗೆ ಬರುವುದೇ ಮೀನು ಬಿದ್ದ ಮೇಲೆ.

ಆ ವರ್ಷ ನನ್ನ ನೆನಪಿನ ಪ್ರಕಾರ ಹದಿನಾಲ್ಕೋ ಹದಿನೈದೋ ಸಲ ಕ್ಲಿಪ್ ಬಿಚ್ಚಿರಬೇಕು. ದೋಣಿಗೆ ಬಂದದ್ದು ಐದು. ಉಳಿದದ್ದೆಲ್ಲ ಒಂದೇ ಕಥೆ. ಬಗ್ಗಿಸಿಟ್ಟ ರಾಡ್ ನೆಟ್ಟಗಾಗುತ್ತದೆ, ಓಡಿಹೋಗಿ ಹಿಡಿದು ಸುತ್ತುತ್ತೇನೆ, ಸುತ್ತುತ್ತಲೇ ಇರುತ್ತೇನೆ, ಫ್ಲಾಷರ್ (ಮೀನನ್ನು ಸೆಳೆಯಲು ಗಾಳದ ಮುಂದೆ ಕಟ್ಟುವ ಹೊಳೆಯುವ ಪಟ್ಟಿ) ಮಾತ್ರ ಬರುತ್ತದೆ. ನೂರಿಪ್ಪತ್ತು ಅಡಿ ಕೆಳಗಿರುವ ಬಾಲ್ ಪ್ರವಾಹಕ್ಕೆ ಹಿಂದೆ ಸರಿದಿರುತ್ತದೆ. ಲೈನ್‌ನಲ್ಲಿ ದೊಡ್ಡ ಜೋಲು ಬಿದ್ದಿರುತ್ತದೆ. ಕ್ಲಿಪ್ ಬಿಚ್ಚಿದ ತಕ್ಷಣ ಆ ಜೋಲನ್ನು ಯಾರಾದರೂ ಎಳೆದುಕೊಳ್ಳಬೇಕು. ನಾನು ಹೋಲ್ಡರ್ ತಲುಪಲು ಮೂರು ಸೆಕೆಂಡ್ ಬೇಕು. ಆ ಮೂರು ಸೆಕೆಂಡ್ ರಾಡೇ ಕೆಲಸ ಮಾಡಬೇಕು. ಗಟ್ಟಿ ರಾಡ್ ಎರಡು ಅಡಿ ಮೇಲೆ ಜಿಗಿದು ಸುಮ್ಮನಾಗುತ್ತದೆ. ಬಾರ್ಬ್ ಇಲ್ಲದ ಗಾಳಕ್ಕೆ ಅಷ್ಟು ಸಡಿಲ ಸಾಕು, ಮೀನು ಒಮ್ಮೆ ತಲೆ ಕೊಡವಿದರೆ ಮುಗಿಯಿತು.

ಆಗ ನನಗೆ ಇದು ಹೊಳೆಯಲಿಲ್ಲ. ಗಾಳ ಬದಲಿಸಿದೆ, ಸ್ಪೂನ್ (ಲೋಹದ ಹುಸಿಮೀನು) ಬದಲಿಸಿದೆ, ಲೀಡರ್ (ಫ್ಲಾಷರ್‌ನಿಂದ ಗಾಳಕ್ಕೆ ಹೋಗುವ ತುಂಡು ಲೈನ್) ಬದಲಿಸಿದೆ. ದುಡ್ಡು ನೀರಿನಂತೆ ಹೋಯಿತು. ಎರಡನೇ ವರ್ಷ ಜುಲೈನಲ್ಲಿ ಕಿಂಗ್ (ಚಿನೂಕ್ ಸಾಲ್ಮನ್) ಶುರುವಾದ ಮೊದಲ ವಾರದಲ್ಲೇ ಆ 210 ಡಾಲರ್‌ನ ರಾಡ್ ಹೋಲ್ಡರ್‌ನಲ್ಲಿ ಕೂತಲ್ಲೇ ಪಟ್ ಅಂತ ಮುರಿಯಿತು. ಮೀನೂ ಇರಲಿಲ್ಲ. ಹಿಂದಿನ ದಿನ ದೋಣಿ ತೊಳೆಯುವಾಗ 12 ಪೌಂಡ್‌ನ ಸೀಸದ ಬಾಲ್ ಅದಕ್ಕೆ ತಾಗಿತ್ತು. ಗೆರೆಯೂ ಕಾಣಿಸಿರಲಿಲ್ಲ. ಗ್ರಾಫೈಟ್‌ನ ಬುದ್ಧಿ ಅದು. ಸಣ್ಣ ಪೆಟ್ಟನ್ನು ನೆನಪಿಟ್ಟುಕೊಂಡು, ಬಗ್ಗಿದ ದಿನ ಅಲ್ಲೇ ಒಡೆಯುತ್ತದೆ. ಸೀಸದ ಗುಂಡು ತೂಗಾಡುವ ದೋಣಿಯಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪಾಯ.

ಅಂಗಡಿಗೆ ವಾಪಸ್ ಒಯ್ದೆ. ಪೆಟ್ಟು ಬಿದ್ದದ್ದಕ್ಕೆ ವಾರಂಟಿ ಇಲ್ಲ ಅಂದರು. ಬದಲಿಗೆ ಇನ್ನೂ ಗಟ್ಟಿಯಾದ ಒಂದನ್ನು 130 ಡಾಲರ್‌ಗೆ ಮಾರಿದರು. ಕೊಂಡೆ. ಅದು ಇನ್ನೂ ಕೆಟ್ಟದಾಯಿತು. ಬಗ್ಗಿಸಿ ಲೋಡ್ ಮಾಡಲು ಹೋದರೆ ಕ್ಲಿಪ್ ತಾನಾಗಿಯೇ ಬಿಚ್ಚುತ್ತಿತ್ತು. ಅಲೆಗೆ ದೋಣಿ ಎದ್ದರೆ ಸಾಕು, ಬಿಚ್ಚಿತು. ಒಂದು ಬೆಳಗ್ಗೆ ಎಂಟು ಸಲ ಬಾಲ್ ಮೇಲೆತ್ತಿದ್ದೇನೆ.

ಚಳಿಗಾಲದಲ್ಲಿ ಊರಿಗೆ ಹೋದಾಗ ದಾರಿ ಕಂಡಿತು. ಗಂಗೊಳ್ಳಿ ಅಳಿವೆಯಲ್ಲಿ ಅಜ್ಜ ಬಿದಿರಿನ ಕೋಲಿನಲ್ಲಿ ಕಾಣೆ ಹಿಡಿಯುತ್ತಿದ್ದರು. ರೀಲ್ ಇಲ್ಲ, ಏನೂ ಇಲ್ಲ. ಆ ಕೋಲು ಮಾಡಿನ ಕೆಳಗೆ ಇನ್ನೂ ಇತ್ತು. ತೆಗೆದು ಅಲ್ಲಾಡಿಸಿ ನೋಡಿದೆ. ತುದಿಯಿಂದ ಅರ್ಧದವರೆಗೂ ಮೆಲ್ಲಗೆ ಬಗ್ಗಿ ಮೆಲ್ಲಗೆ ಎದ್ದಿತು. ಹಿಡಿಯ ಹತ್ತಿರ ಮಾತ್ರ ಗಟ್ಟಿ. ಮೀನಿಗೆ ಸಡಿಲ ಸಿಗದಂತೆ ಕೋಲೇ ನೋಡಿಕೊಳ್ಳುತ್ತಿತ್ತು, ಅಜ್ಜ ಬರೀ ಎತ್ತಿ ಹಿಡಿಯುತ್ತಿದ್ದರು. ನನಗೆ ಬೇಕಿದ್ದದ್ದು ಇದೇ ಗುಣ.

(ಚಿಕ್ಕಪ್ಪನಿಗೆ ನಾನು ಟ್ರೋಲಿಂಗ್ ಮಾಡುತ್ತೇನೆ ಅಂದರೆ ಮಲ್ಪೆಯ ಟ್ರಾಲ್ ಬೋಟ್ ನೆನಪಾಗುತ್ತದೆ. ಜೂನ್, ಜುಲೈ ಅಲ್ಲಿ ಬೋಟ್ ಕಟ್ಟಿ ಹಾಕುವುದಿಲ್ಲವಾ ಅಂತ ಪ್ರತಿ ಸಲ ಕೇಳುತ್ತಾರೆ. ಬಲೆ ಎಳೆಯುವುದಲ್ಲ, ಗಾಳ ಎಳೆಯುವುದು ಅಂತ ಪ್ರತಿ ಸಲ ಹೇಳುತ್ತೇನೆ.)

ವಾಪಸ್ ಬಂದು ಗ್ಲಾಸ್ ರಾಡ್ ಹುಡುಕಿದೆ. ಜೊತೆಗೆ ಬರುವ ಉಡುಪಿ ಕಡೆಯ ಗೆಳೆಯ ನೋಡಿ, "ಎಂತ ಮಾರಾಯ, ಇದು ಕೋಲಾ ಹಗ್ಗವಾ?" ಅಂದ. ದೋಣಿ ಇಳಿಸುವ ರ‍್ಯಾಂಪ್‌ನಲ್ಲಿ ಸಿಗುವ ಹಳಬರೊಬ್ಬರು, ಗ್ಲಾಸ್ ಎಲ್ಲ ಮೂವತ್ತು ವರ್ಷ ಹಿಂದಿನ ಮಾತು, ಈಗ ಯಾರೂ ಇಡುವುದಿಲ್ಲ ಅಂದರು. ಸೆನ್ಸಿಟಿವಿಟಿ ಇಲ್ಲ ಅನ್ನುವುದು ಎಲ್ಲರ ದೂರು. ಹೋಲ್ಡರ್‌ನಲ್ಲಿ ಕೂತ ರಾಡ್‌ಗೆ ಸೆನ್ಸಿಟಿವಿಟಿ ಯಾಕೆ ಬೇಕು ಅಂತ ಕೇಳಿದರೆ ಯಾರ ಬಳಿಯೂ ಉತ್ತರ ಇರಲಿಲ್ಲ.

ನಾನು ಆರಿಸಿದ ರೀತಿ ಹೀಗೆ. ಲೇಬಲ್ ನೋಡುವುದು ಬಿಟ್ಟೆ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಹೆವಿ. 15-30 ಪೌಂಡ್ ಅಂತ ಬರೆದ ಎರಡು ರಾಡ್‌ಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬಗ್ಗುತ್ತವೆ. ಅದಕ್ಕೆ ಗ್ಯಾರೇಜಿನ ಮೇಜಿಗೆ ಒಂದು ರಾಡ್ ಹೋಲ್ಡರ್ ಬಿಗಿದೆ. ಲೈನ್‌ನ ತುದಿಗೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಕಟ್ಟಿದೆ. ನಾನು ಕಚ್ಚಿಸುವ ರೀತಿಯಲ್ಲಿ ನನ್ನ ಕ್ಲಿಪ್ ಹೆಚ್ಚುಕಡಿಮೆ ನಾಲ್ಕು ಪೌಂಡ್‌ಗೆ ಬಿಚ್ಚುತ್ತದೆ. ಹಾಗಾಗಿ ತಕ್ಕಡಿ ನಾಲ್ಕು ತೋರಿಸುವವರೆಗೆ ಕೆಳಗೆ ಎಳೆದು, ತುದಿ ಎಷ್ಟು ಇಳಿಯಿತು ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. ಗಟ್ಟಿ ಗ್ರಾಫೈಟ್ ಎರಡು ಅಡಿ ಚಿಲ್ಲರೆ. ಗ್ರಾಫೈಟ್, ಗ್ಲಾಸ್ ಎರಡೂ ಬೆರೆಸಿದ್ದು ಮೂರೂಕಾಲು ಇರಬಹುದು. ಪೂರ್ತಿ ಗ್ಲಾಸ್ ನಾಲ್ಕೂವರೆ ದಾಟಿತು. ಕ್ಲಿಪ್ ಬಿಚ್ಚಿದಾಗ ರಾಡ್ ತಾನಾಗಿಯೇ ಎಳೆದುಕೊಳ್ಳುವ ಸಡಿಲ ಅಷ್ಟು. ನನ್ನ ಲೆಕ್ಕದಲ್ಲಿ ನಾಲ್ಕು ಅಡಿಗಿಂತ ಕಮ್ಮಿ ಇದ್ದರೆ ಡೌನ್‌ರಿಗ್ಗರ್‌ಗೆ ಬೇಡ.

ಇಷ್ಟಕ್ಕೇ ನಿಂತು ಒಂದು ತಪ್ಪು ಮಾಡಿದೆ. ಐದು ಅಡಿಗಿಂತ ಜಾಸ್ತಿ ಬಗ್ಗಿದ ಒಂದನ್ನು 50 ಡಾಲರ್‌ಗೆ ಕೊಂಡೆ. ಕ್ಲಿಪ್ ಬಿಚ್ಚಿದಾಗ ಅದ್ಭುತ. ಮೀನು ತಪ್ಪಲಿಲ್ಲ. ಆದರೆ ಜೆಫರ್ಸನ್ ಹೆಡ್ ಹತ್ತಿರ ಹದಿನೈದು ಪೌಂಡ್‌ನ ಆಸುಪಾಸಿನ ಒಂದು ಕಿಂಗ್ ಬಿದ್ದು ಕೆಳಗೆ ಕೂತುಬಿಟ್ಟಿತು. ರಾಡ್ ಹಿಡಿಯವರೆಗೂ ಬಗ್ಗಿದೆ, ಎತ್ತುವ ಶಕ್ತಿಯೇ ಇಲ್ಲ. ಹದಿನೈದು ನಿಮಿಷ ಎಳೆದಾಡಿದೆ. ಸೀಲ್ ಬಂತು. ಮೇಲೆ ಬಂದದ್ದು ತಲೆ ಮಾತ್ರ. ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ.

ಆಮೇಲೆ ಎರಡನೇ ಪರೀಕ್ಷೆ ಸೇರಿಸಿದೆ. ತಕ್ಕಡಿ ಎಂಟು ಪೌಂಡ್ ತೋರಿಸುವಾಗ ಕೆಳಗಿನ ಮೂರನೇ ಒಂದು ಭಾಗ ಇನ್ನೂ ನೆಟ್ಟಗಿರಬೇಕು. ಅಜ್ಜನ ಬಿದಿರಿನ ಹಾಗೆ. ಎರಡರಲ್ಲೂ ಪಾಸಾದದ್ದು 75 ಡಾಲರ್‌ನ ಒಂಬತ್ತು ಅಡಿಯ ಗ್ಲಾಸ್ ರಾಡ್, ಮತ್ತೆ ಒಂದು ಗ್ಯಾರೇಜ್ ಸೇಲ್‌ನಲ್ಲಿ 15 ಡಾಲರ್‌ಗೆ ಸಿಕ್ಕ ಹಳೇ ಹಳದಿ ಬಣ್ಣದ್ದು. ಯಾವ ಕಂಪನಿ ಅಂತ ಕೇಳಬೇಡಿ. ಅದರ ಜೋಡಿ ಇನ್ನೊಂದು ಎಲ್ಲಿದೆ ಅಂತ ನನಗೆ ಗೊತ್ತು, ಅದನ್ನು ಮೊದಲು ನಾನೇ ಕೊಂಡುಕೊಳ್ಳುತ್ತೇನೆ. ಅದುವರೆಗೆ ರಾಡ್‌ಗೇ 600 ಡಾಲರ್ ಮೇಲೆ ಸುರಿದಿದ್ದೆ. ಗೆದ್ದವು ಎರಡೂ ಸೇರಿ 90 ಡಾಲರ್.

ಉದ್ದದ ಬಗ್ಗೆ. 11 ಇಂಚಿನ ಫ್ಲಾಷರ್, ಅದರ ಹಿಂದೆ 42 ಇಂಚಿನ ಲೀಡರ್. ಒಟ್ಟು ಸುಮಾರು ನಾಲ್ಕೂವರೆ ಅಡಿ. ಫ್ಲಾಷರ್ ರಾಡ್ ತುದಿಯ ಕಣ್ಣಿಗೆ (ಲೈನ್ ಹಾಯುವ ಉಂಗುರಕ್ಕೆ) ಬಂದು ನಿಂತ ಮೇಲೆ ಸುತ್ತಲು ಆಗುವುದಿಲ್ಲ. ಏಳು ಅಡಿಯ ರಾಡ್ ಆದರೆ ಮೀನು ಬಲೆಗೆ ಬರುವುದಿಲ್ಲ, ಕೈ ಮೇಲೆತ್ತಿ ಹಿಂದೆ ಹಿಂದೆ ನಡೆಯಬೇಕು. ಬ್ರಿಟಿಷ್ ಕೊಲಂಬಿಯಾ ಕಡೆಯವರು ಹತ್ತೂವರೆ ಅಡಿಯದ್ದಕ್ಕೆ ಸಿಂಗಲ್ ಆ್ಯಕ್ಷನ್ ರೀಲ್ (ಗೇರಿಲ್ಲದೆ ಹಿಡಿ ನೇರವಾಗಿ ಸುತ್ತುವಂಥದ್ದು) ಹಾಕಿ ಹಿಡಿಯುತ್ತಾರೆ. ವ್ಯಾಂಕೂವರ್‌ನ ಗೆಳೆಯನದ್ದನ್ನು ಒಂದು ವಾರ ಇಟ್ಟುಕೊಂಡು ನೋಡಿದೆ. ಮೀನು ಆಡಿಸಲು ಅದರಷ್ಟು ಸುಖ ಬೇರೆ ಇಲ್ಲ. ಆದರೆ ನನ್ನ ದೋಣಿಯ ಮೇಲಿನ ಕ್ಯಾನ್ವಾಸ್‌ಗೆ ಸಿಕ್ಕಿಕೊಳ್ಳುತ್ತದೆ, ರೀಲ್‌ನ ಹಿಡಿ ತಿರುಗಿ ಬೆರಳ ಗೆಣ್ಣಿಗೆ ಬಡಿಯುತ್ತದೆ. 18 ಅಡಿಯ ದೋಣಿಗೆ ಒಂಬತ್ತು ಅಡಿಯೇ ಸರಿ.

ಕಣ್ಣುಗಳನ್ನು ಎಣಿಸಿ. ಲೆವೆಲ್‌ವೈಂಡ್ ರೀಲ್ (ಲೈನನ್ನು ಸಮನಾಗಿ ಸುತ್ತುವಂಥದ್ದು) ಕೋಲಿನ ಮೇಲೆ ಕೂರುವುದರಿಂದ ಲೈನ್ ಕೋಲಿನ ಮೇಲೇ ಓಡುತ್ತದೆ. ಪೂರ್ತಿ ಬಗ್ಗಿದಾಗ ಎರಡು ಕಣ್ಣುಗಳ ನಡುವೆ ಕೋಲಿಗೆ ಉಜ್ಜುತ್ತದೆ. ಏಳೇ ಕಣ್ಣಿದ್ದ ಒಂದರಲ್ಲಿ ಬಣ್ಣ ಕಿತ್ತುಹೋಗುವಷ್ಟು ಉಜ್ಜಿತು. ಒಂಬತ್ತಿದ್ದರೆ ನಿಶ್ಚಿಂತೆ. ರೀಲ್‌ನ ಹಿಂದಿನ ಹಿಡಿ ಒಂದೂವರೆ ಗೇಣಾದರೂ ಬೇಕು, ಇಲ್ಲದಿದ್ದರೆ ಹೋಲ್ಡರ್‌ನಲ್ಲಿ ಅಲ್ಲಾಡುತ್ತದೆ. ಹಿಡಿ ಕಾರ್ಕಾ, ಫೋಮಾ ಅನ್ನುವುದು ನಿಮ್ಮಿಷ್ಟ.

ಈ ಉಜ್ಜುವಿಕೆಯ ಹುಚ್ಚಿನಲ್ಲಿ ಒಂದು ರಾಡ್ ನಾನೇ ಕಟ್ಟಿದೆ. ಬರೀ ಬ್ಲ್ಯಾಂಕ್ (ಕಣ್ಣು, ಹಿಡಿ ಇಲ್ಲದ ಕೋಲು) ತರಿಸಿ, ಕಣ್ಣುಗಳನ್ನು ಮೇಲಿನಿಂದ ಶುರುಮಾಡಿ ನಿಧಾನವಾಗಿ ಪಕ್ಕಕ್ಕೆ, ಆಮೇಲೆ ಕೆಳಕ್ಕೆ ಬರುವ ಹಾಗೆ ಸುರುಳಿಯಾಗಿ ಕಟ್ಟುವುದು. ಹತ್ತು ಸಂಜೆ ಹಿಡಿಯಿತು, 140 ಡಾಲರ್ ಆಯಿತು. ನೂಲು ಸುತ್ತಿ ಎಪಾಕ್ಸಿ ಹಚ್ಚಿದ್ದು ಅಂಗಡಿಯದಕ್ಕಿಂತ ಚೆನ್ನಾಗಿ ಬಂತು. ಲೈನ್ ಎಲ್ಲೂ ತಾಗುವುದಿಲ್ಲ. ಆದರೆ ಮೀನಿನ ಲೆಕ್ಕದಲ್ಲಿ 75 ಡಾಲರ್‌ನದಕ್ಕಿಂತ ಮುಂದೆ ಹೋಗಲಿಲ್ಲ. ಈಗ ಮಗಳು ಬೆಸ ವರ್ಷಗಳಲ್ಲಿ ಪಿಂಕ್ ಸಾಲ್ಮನ್ ಬಂದಾಗ ಅದನ್ನೇ ಹಿಡಿಯುತ್ತಾಳೆ.

ಬ್ರೇಡ್ (ಹೆಣೆದ ಲೈನ್) ಕೂಡ ಹಾಕಿ ನೋಡಿದೆ. ತೆಳ್ಳಗಿದೆ, ನೀರಿನ ಎಳೆತ ಕಮ್ಮಿ, ಜೋಲು ಕಮ್ಮಿ ಬೀಳುತ್ತದೆ. ಆದರೆ ಕ್ಲಿಪ್‌ನಲ್ಲಿ ಜಾರುತ್ತದೆ. ರಬ್ಬರ್ ಬ್ಯಾಂಡ್ ಸುತ್ತಿ ಕಚ್ಚಿಸಿದರೆ ನಿಲ್ಲುತ್ತದೆ, ಆದರೆ ಕತ್ತಲಲ್ಲಿ, ತಣ್ಣನೆ ಕೈಯಲ್ಲಿ ಪ್ರತಿ ಸಲ ಯಾರು ಸುತ್ತುತ್ತಾರೆ? ಮೆತ್ತಗಿನ ತುದಿಯ ಕಣ್ಣಿಗೆ ಎರಡು ಸಲ ಸುತ್ತಿಕೊಂಡು ಒಂದು ಫ್ಲಾಷರ್ ಹೋಯಿತು. 25 ಪೌಂಡ್‌ನ ಮೋನೋಗೆ (ಒಂಟಿ ಎಳೆಯ ಲೈನಿಗೆ) ವಾಪಸ್ ಬಂದೆ.

ಮೆತ್ತಗಿನ ರಾಡ್‌ನಿಂದ ಇನ್ನೊಂದು ಲಾಭ ಸಿಕ್ಕಿತು. ಕ್ಲಿಪ್ ಬಿಗಿಯಾಗಿ ಕಚ್ಚಿಸಬಹುದು. ತುದಿ ನೀರಿಗೆ ತಾಗುವಷ್ಟು ಬಗ್ಗಿಸಿಟ್ಟರೂ ತಾನಾಗಿ ಬಿಚ್ಚುವುದಿಲ್ಲ, ಅಲೆಯನ್ನು ಕೋಲೇ ನುಂಗುತ್ತದೆ. ಸಣ್ಣ ಮರಿ ಸಾಲ್ಮನ್ ಕಚ್ಚಿ ಕ್ಲಿಪ್ ಬಿಚ್ಚಲಾಗದೆ ಎಳೆದುಕೊಂಡು ಬರುತ್ತಿದ್ದರೆ ತುದಿ ನಡುಗುವುದು ಕಾಣುತ್ತದೆ. ಮೊದಲೆಲ್ಲ ಅಂಥದ್ದನ್ನು ಅರ್ಧ ಗಂಟೆ ಎಳೆದು ಸಾಯಿಸಿದ್ದೂ ಇದೆ. ಈಗ ತಕ್ಷಣ ಎತ್ತಿ ಬಿಡುತ್ತೇನೆ. ಸಿಲ್ವರ್‌ನ ಬಾಯಿ ಮೆತ್ತಗೆ, ಗಟ್ಟಿ ರಾಡ್ ಅದನ್ನು ಹರಿದುಹಾಕುತ್ತದೆ. ಗ್ಲಾಸ್‌ನಲ್ಲಿ ಅದೂ ನಿಂತಿತು.

ಹೂಚಿಗೆ (ಗಾಳಕ್ಕೆ ತೊಡಿಸುವ ಪ್ಲಾಸ್ಟಿಕ್ ಬೊಂಡಾಸಿಗೆ) ನಾನು ಏನು ಹಚ್ಚುತ್ತೇನೆ, ಗಾಳವನ್ನು ಹೂಚಿಯೊಳಗೆ ಎಲ್ಲಿ ನಿಲ್ಲಿಸುತ್ತೇನೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ಸೀಸನ್ ಹಿಡಿದಿದೆ. ದೋಣಿಗೆ ಬಂದವರಿಗೆ ತೋರಿಸುತ್ತೇನೆ.

ಹೋದ ಸೀಸನ್‌ನಲ್ಲಿ ಆಗಸ್ಟ್, ಸೆಪ್ಟೆಂಬರ್ ಸೇರಿ ಇಪ್ಪತ್ತರ ಹತ್ತಿರ ಕ್ಲಿಪ್ ಬಿಚ್ಚಿರಬೇಕು. ತಪ್ಪಿದ್ದು ನಾಲ್ಕು. ಅದರಲ್ಲಿ ಒಂದು ಸೀಲ್‌ನದು, ಒಂದು ನನ್ನ ಗಂಟು ಬಿಟ್ಟದ್ದು. ಆ ಶನಿವಾರದ ಮೂರನೇ ಮೀನು ಹಿಡಿದದ್ದು ಹಗ್ಗ ಅಂದಿದ್ದ ಗೆಳೆಯ. ಎವರೆಟ್‌ನ 10ನೇ ಸ್ಟ್ರೀಟ್ ರ‍್ಯಾಂಪ್‌ಗೆ ವಾಪಸ್ ಬರುವ ದಾರಿಯುದ್ದಕ್ಕೂ ಅವನು ಹಳದಿ ರಾಡನ್ನು ಮಡಿಲಲ್ಲೇ ಇಟ್ಟುಕೊಂಡಿದ್ದ. ಮನೆಯಲ್ಲಿ ಅಮ್ಮ ರವೆ ಹಚ್ಚಿ ಕಾಯಿಸಿದರು. ಅಂಜಲ್‌ನಷ್ಟು ಇಲ್ಲ, ಆದರೆ ಪರವಾಗಿಲ್ಲ ಅಂದರು.

ಈ ವಾರ ಎರಡೂ ರಾಡ್ ಸಿಹಿನೀರಿನಲ್ಲಿ ತೊಳೆದು ಒಣಗಿಸಿದೆ. ಕಣ್ಣುಗಳೊಳಗೆ ಹತ್ತಿ ಉಜ್ಜಿ ನೋಡಿದೆ. ಹಳದಿಯದರ ಮೂರನೇ ಕಣ್ಣಿನಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತು, ಒಳಗಿನ ಉಂಗುರ ಸೀಳಿದೆ. ಹೊಸ ಕಣ್ಣು ಆರು ಡಾಲರ್. ನೂಲು ಹಳದಿಯದೇ ಸಿಕ್ಕಿದರೆ ಭಾನುವಾರ ಕಟ್ಟುತ್ತೇನೆ.