ಮೋಡ ನೋಡಿ, ಮೈಕ್ ಹಿಡಿಯಿರಿ: ಹ್ಯಾಮ್ ರೇಡಿಯೊದಲ್ಲಿ ಊರಿನ ಮಳೆ ವರದಿ ಕೊಡುವುದು ಹೇಗೆ?

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಅಂದುಕೊಳ್ಳಿ. ದಾವಣಗೆರೆಯಲ್ಲಿ ಬಿಸಿಲು ಸುಡುತ್ತಿದೆ. ಪೂರ್ವಕ್ಕೆ, ಜಗಳೂರು ದಿಕ್ಕಿನಲ್ಲಿ, ಮೋಡ ಹೂಕೋಸಿನ ಹಾಗೆ ಉಬ್ಬುತ್ತಿದೆ. ಒಂದು ಗಂಟೆ ಕಳೆಯುವಷ್ಟರಲ್ಲಿ ಅಲ್ಲಿ ಗಾಳಿ ಎದ್ದು ತಗಡು ಹಾರಿರುತ್ತದೆ. ಕರೆಂಟ್ ಹೋಗಿರುತ್ತದೆ. ಫೋನ್ ಮಾಡಿದರೆ ಯಾರೂ ಸಿಗುವುದಿಲ್ಲ. ಇಲ್ಲಿ ನಮ್ಮ ಅಂಗಳಕ್ಕೆ ಒಂದು ಹನಿಯೂ ಬಿದ್ದಿರುವುದಿಲ್ಲ.

ನಮ್ಮ ಕಡೆ ಮಳೆಯೇ ಹೀಗೆ, ಅಲ್ವಾ? ರಸ್ತೆಯ ಈ ಬದಿ ಸುರಿದರೆ ಆ ಬದಿ ಧೂಳು. ಹೊನ್ನಾಳಿ, ಚನ್ನಗಿರಿ ಕಡೆ ಭತ್ತ, ಅಡಿಕೆ. ಚಳ್ಳಕೆರೆ, ಹಿರಿಯೂರು ಕಡೆ ಹೋದರೆ ರಾಜ್ಯದಲ್ಲೇ ತೀರಾ ಕಡಿಮೆ ಮಳೆಯ ನೆಲ. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಕಡೆ ಯಾವ ಊರಿಗೆ ಎಷ್ಟು ಬಿತ್ತು ಅನ್ನುವುದು ಸಣ್ಣ ಮಾತಲ್ಲ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕ ಇಟ್ಟಿದೆ. ಬಹಳ ಒಳ್ಳೆಯ ಕೆಲಸ ಅದು. ಆದರೆ ಮಳೆಮಾಪಕಕ್ಕೆ ಆಲಿಕಲ್ಲಿನ ಗಾತ್ರ ಕಾಣುವುದಿಲ್ಲ. ಹಳ್ಳದ ನೀರು ಸೇತುವೆ ಮೇಲೆ ಹತ್ತಿದ್ದು ಗೊತ್ತಾಗುವುದಿಲ್ಲ. ರೇಡಾರ್‌ಗೂ ಒಂದು ಮಿತಿ ಇದೆ. ಭೂಮಿ ದುಂಡಗಿರುವುದರಿಂದ ಅದರ ಕಿರಣ ದೂರ ಹೋದಂತೆ ನೆಲದಿಂದ ಮೇಲೇರುತ್ತದೆ. ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣ 200 ಕಿ.ಮೀ. ಮುಟ್ಟುವಾಗ ಸುಮಾರು 4 ಕಿ.ಮೀ. ಎತ್ತರದಲ್ಲಿರುತ್ತದೆ. ಅದರ ಕೆಳಗೆ ನಡೆಯುವುದನ್ನು ನೋಡಲು ಮನುಷ್ಯರ ಕಣ್ಣೇ ಬೇಕು. ಕಂಡದ್ದನ್ನು ಫೋನ್ ಇಲ್ಲದಾಗಲೂ ದಾಟಿಸಲು ಹ್ಯಾಮ್ ರೇಡಿಯೊ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳು ತಮ್ಮದೇ ಸೆಟ್ಟಿನಲ್ಲಿ ಮಾತಾಡಿಕೊಳ್ಳುವ ರೇಡಿಯೊ, ಬೇಕು.

ಅಮೆರಿಕದಲ್ಲಿ ಹವಾಮಾನ ಸೇವೆಯೇ ಸ್ಕೈವಾರ್ನ್ ಹೆಸರಿನಲ್ಲಿ ಊರೂರಿನ ಸ್ವಯಂಸೇವಕರಿಗೆ ತರಬೇತಿ ಕೊಡುತ್ತದೆ. ಅವರಲ್ಲಿ ಹ್ಯಾಮ್‌ಗಳು ಬಹಳ ಜನ. ನಮ್ಮ ದೇಶದಲ್ಲೂ ಹ್ಯಾಮ್‌ಗಳ ಬೆಲೆ ಗೊತ್ತಾದ ಗಳಿಗೆಗಳಿವೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಹ್ಯಾಮ್ ತಂಡದ ಜೊತೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ಅಂಡಮಾನ್‌ನ ಸುದ್ದಿಯನ್ನು ಅವರ ಸೆಟ್‌ಗಳು ಹೊರಜಗತ್ತಿಗೆ ಮುಟ್ಟಿಸಿದವು. ನಾವು ಅಷ್ಟು ದೊಡ್ಡದನ್ನು ಮಾಡಬೇಕಿಲ್ಲ. ತಾಲ್ಲೂಕಿಗೆ ಐದಾರು ಜನ ಸಿಕ್ಕರೆ ಸಾಕು.

ಮೊದಲು ಲೈಸೆನ್ಸ್

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಆನ್‌ಲೈನ್‌ನಲ್ಲಿ ಅಗ್ಗದ ವಾಕಿಟಾಕಿ ಸಿಗುತ್ತದೆ ಅಂತ ತರಿಸಿ, ಸುಮ್ನೆ ಗುಂಡಿ ಒತ್ತಿ ಮಾತಾಡುವುದು ಅಪರಾಧ. ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ, ಅಂದರೆ ಡಬ್ಲ್ಯೂಪಿಸಿ, ಪರೀಕ್ಷೆ ನಡೆಸಿ ಲೈಸೆನ್ಸ್ ಕೊಡುತ್ತದೆ. 12 ವರ್ಷ ತುಂಬಿದವರು ಬರೆಯಬಹುದು. ಅಂದರೆ ಹೈಸ್ಕೂಲ್ ಮಕ್ಕಳೂ ಬರಬಹುದು, ಬರಲಿ ಅಂತಲೇ ನನ್ನ ಆಸೆ.

ಎರಡು ದರ್ಜೆ ಇವೆ. ರಿಸ್ಟ್ರಿಕ್ಟೆಡ್ ದರ್ಜೆಗೆ ಲಿಖಿತ ಪರೀಕ್ಷೆ ಸಾಕು. ಒಂದಿಷ್ಟು ಎಲೆಕ್ಟ್ರಾನಿಕ್ಸ್, ಒಂದಿಷ್ಟು ನಿಯಮ. ಜನರಲ್ ದರ್ಜೆಗೆ ಮೋರ್ಸ್ ಕೋಡ್, ಅಂದರೆ ಚುಕ್ಕಿ-ಗೆರೆಗಳ ಸಂಕೇತ ಭಾಷೆ, ಕೂಡ ಬರಬೇಕು. ಮಳೆ ವರದಿಗೆ ರಿಸ್ಟ್ರಿಕ್ಟೆಡ್ ಧಾರಾಳವಾಗಿ ಸಾಕು. ಪಾಸಾದವರಿಗೆ ಒಂದು ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ಅವರನ್ನು ಗುರುತಿಸುವ ಹೆಸರು, ಸಿಗುತ್ತದೆ. ಸಾಮಾನ್ಯವಾಗಿ ರಿಸ್ಟ್ರಿಕ್ಟೆಡ್‌ನವರದು ವಿಯು3, ಜನರಲ್‌ನವರದು ವಿಯು2 ಎಂದು ಶುರುವಾಗುತ್ತದೆ. ತಯಾರಿಗೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಥರದ ಸಂಸ್ಥೆಗಳಿವೆ. ಹತ್ತಿರದ ಹಳೆಯ ಹ್ಯಾಮ್ ಒಬ್ಬರನ್ನು ಹುಡುಕಿಕೊಂಡರೆ ಇನ್ನೂ ಒಳ್ಳೆಯದು.

ಸೆಟ್ಟಿಗಿಂತ ಆಂಟೆನಾ ಮುಖ್ಯ

ಹೊಸಬರು ದುಡ್ಡೆಲ್ಲ ಸೆಟ್ಟಿಗೆ ಸುರಿಯುತ್ತಾರೆ. ಹಾಗೆ ಮಾಡಬೇಡಿ. 144ರಿಂದ 146 ಮೆಗಾಹರ್ಟ್ಸ್‌ನ 2 ಮೀಟರ್ ಬ್ಯಾಂಡ್‌ನಲ್ಲಿ (ಇಲ್ಲಿನ ಅಲೆಯ ಉದ್ದ ಸುಮಾರು 2 ಮೀಟರ್, ಅದಕ್ಕೇ ಆ ಹೆಸರು) 5 ವ್ಯಾಟ್‌ನ ಕೈ ಸೆಟ್ ಇದ್ದರೆ ಶುರು ಮಾಡಬಹುದು. ಆದರೆ ಈ ಬ್ಯಾಂಡ್‌ನ ಅಲೆ ಹೆಚ್ಚುಕಡಿಮೆ ಕಣ್ಣೋಟದಷ್ಟೇ ದೂರ ಹೋಗುತ್ತದೆ. ಬೀದಿಯಲ್ಲಿ ನಿಂತು ಮಾತಾಡಿದರೆ ಮನೆಗಳ ನಡುವೆ ಎರಡು ಮೂರು ಕಿಲೋಮೀಟರ್‌ಗೇ ದನಿ ಕರಗುತ್ತದೆ. ಎರಡೂ ಕಡೆ 30 ಅಡಿ ಎತ್ತರದಲ್ಲಿ ಆಂಟೆನಾ ಇದ್ದರೆ, ಸಮತಟ್ಟು ನೆಲದಲ್ಲಿ, ಸುಮಾರು 25 ಕಿ.ಮೀ. ಲೆಕ್ಕ ಹಾಕಬಹುದು.

ಆಂಟೆನಾ ಮನೆಯಲ್ಲೇ ಕಟ್ಟಿಕೊಳ್ಳಿ. ಎಸ್‌ಓ-239 ಅನ್ನುವ ಒಂದು ಸಾಕೆಟ್, ಗಟ್ಟಿ ತಾಮ್ರದ ತಂತಿ ಐದು ತುಂಡು, ಇಷ್ಟೇ ಸಾಮಾನು. ಒಂದು ತುಂಡು 49 ಸೆಂ.ಮೀ. ಅದನ್ನು ಸಾಕೆಟ್ ನಡುವಿನ ಪಿನ್‌ಗೆ ನೆಟ್ಟಗೆ ಬೆಸುಗೆ ಹಾಕಿ. ಉಳಿದ ನಾಲ್ಕು 51 ಸೆಂ.ಮೀ. ಅವನ್ನು ಸಾಕೆಟ್‌ನ ನಾಲ್ಕು ಮೂಲೆಗೆ ಬಿಗಿದು, ಕೊಡೆಯ ಕಡ್ಡಿಗಳ ಹಾಗೆ 45 ಡಿಗ್ರಿ ಕೆಳಗೆ ಬಗ್ಗಿಸಿ. ಪಿವಿಸಿ ಪೈಪಿನ ತುದಿಗೆ ಕೂರಿಸಿ ತಾರಸಿ ಮೇಲೆ ನಿಲ್ಲಿಸಿ. ಮೀಟರ್ ಇರುವ ಗೆಳೆಯರನ್ನು ಕರೆದು ಎಸ್‌ಡಬ್ಲ್ಯೂಆರ್ ನೋಡಿಸಿ, ಅಂದರೆ ಆಂಟೆನಾಕ್ಕೆ ಹೋದ ಶಕ್ತಿ ಎಷ್ಟು ಹಿಂದಕ್ಕೆ ಮರಳುತ್ತದೆ ಅನ್ನುವ ಅಳತೆ. 1.5ಕ್ಕಿಂತ ಕಡಿಮೆ ಬಂದರೆ ಆಯಿತು. ಜಾಸ್ತಿ ಬಂದರೆ ತಂತಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ನೋಡಿ. ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೇಬಲ್ ಚಿಕ್ಕದಿರಲಿ. ತೆಳ್ಳನೆಯ ಆರ್‌ಜಿ-58 ಕೇಬಲ್ 15 ಮೀಟರ್ ಎಳೆದರೆ ಅರ್ಧದಷ್ಟು ಶಕ್ತಿ ಕೇಬಲ್‌ನಲ್ಲೇ ಹೋಗುತ್ತದೆ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ. ನೇರವಾಗಿ ಮುಟ್ಟುವುದು ಕಷ್ಟ, ದುರ್ಗದ ಬಂಡೆಗುಡ್ಡಗಳೂ ಅಡ್ಡ ಬರುತ್ತವೆ. ಹೆದ್ದಾರಿ ಗುಂಟ ಆನಗೋಡಿನಲ್ಲಿ ಒಬ್ಬರು, ಭರಮಸಾಗರದಲ್ಲಿ ಒಬ್ಬರು ಇದ್ದರೆ ಮಾತು ಕೈಯಿಂದ ಕೈಗೆ ದಾಟುತ್ತದೆ. ಇದನ್ನೇ ರಿಲೇ ಅನ್ನುವುದು. ಮೊಳಕಾಲ್ಮೂರಿನಷ್ಟು ದೂರಕ್ಕೆ 7 ಮೆಗಾಹರ್ಟ್ಸ್‌ನ 40 ಮೀಟರ್ ಬ್ಯಾಂಡ್ ಹಗಲು ಹೊತ್ತು ಚೆನ್ನಾಗಿ ನಡೆಯುತ್ತದೆ. ಅದಕ್ಕೆ ಒಟ್ಟು 20 ಮೀಟರ್ ಉದ್ದದ ತಂತಿಯ ಡೈಪೋಲ್, ಅಂದರೆ ನಡುವೆ ಕೇಬಲ್ ಸೇರಿಸಿದ ಎರಡು ತೋಳಿನ ಆಂಟೆನಾ, ಬೇಕು. ತೀರಾ ಎತ್ತರಕ್ಕೆ ಕಟ್ಟಬೇಕಿಲ್ಲ. ತಗ್ಗಿನಲ್ಲಿದ್ದರೆ ಅಲೆ ನೆತ್ತಿಯ ಮೇಲಕ್ಕೆ ಹೋಗಿ ಹತ್ತಿರದ ಜಿಲ್ಲೆಗಳಿಗೇ ಇಳಿಯುತ್ತದೆ.

ಕರೆಂಟ್ ಹೋಗುವುದು ಖಚಿತ ಅಂತಲೇ ತಿಳಿದು 12 ವೋಲ್ಟ್‌ನ ಒಂದು ಬ್ಯಾಟರಿ, ಅದಕ್ಕೆ ಹೊಂದುವ ಚಾರ್ಜರ್ ಇಟ್ಟುಕೊಳ್ಳಿ.

ಅಳೆಯುವುದನ್ನು ಕಲಿಯಿರಿ

ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿದೆ. ರೇಡಿಯೊದಲ್ಲಿ "ಭಾರಿ ಮಳೆ ಕಣ್ರೀ" ಅಂದರೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ನಮ್ಮ ರೈತರು "ಒಂದು ಹದ ಆಯ್ತು" ಅನ್ನುತ್ತಾರೆ. ಹೊಲಕ್ಕೆ ಅದು ಸರಿಯಾದ ಮಾತೇ. ಆದರೆ ಕೆಂಪು ನೆಲದ ಹದ ಬೇರೆ, ಎರೆ ನೆಲದ ಹದ ಬೇರೆ. ವರದಿಗೆ ಮಿಲಿಮೀಟರ್ ಬೇಕು.

ಅಂಗಳದ ಬಕೆಟ್ ನೋಡಿ ಹೇಳಬೇಡಿ. ಬಕೆಟ್ ಮೇಲೆ ಅಗಲ, ಕೆಳಗೆ ಕಿರಿದು, ಲೆಕ್ಕ ತಪ್ಪುತ್ತದೆ. ಬಾಯಿಂದ ತಳದವರೆಗೆ ಒಂದೇ ಅಗಲದ ನೇರ ಡಬ್ಬಿ ತೆಗೆದುಕೊಳ್ಳಿ. ಅದರಲ್ಲಿ ನಿಂತ ನೀರಿಗೆ ಸ್ಕೇಲ್ ಇಳಿಸಿದರೆ ಸಿಗುವ ಮಿಲಿಮೀಟರೇ ಮಳೆ. ಸಣ್ಣ ಮಳೆಯನ್ನು ಸ್ಕೇಲ್‌ನಲ್ಲಿ ಓದುವುದು ಕಷ್ಟ. ಆಗ ಔಷಧಿ ಸಿರಿಂಜ್‌ನಿಂದ ನೀರನ್ನು ಅಳೆಯಿರಿ. ಡಬ್ಬಿಯ ಬಾಯಿ 10 ಸೆಂ.ಮೀ. ಇದ್ದರೆ 1 ಮಿ.ಮೀ. ಮಳೆಗೆ ಹತ್ತಿರ ಹತ್ತಿರ 8 ಮಿಲಿಲೀಟರ್ ನೀರು. ಡಬ್ಬಿ ಬಯಲಿನಲ್ಲಿರಲಿ. ಪಕ್ಕದ ಗೋಡೆ 10 ಅಡಿ ಎತ್ತರವಿದ್ದರೆ ಕನಿಷ್ಠ 20 ಅಡಿ ದೂರ ಇಡಿ. ದಿನವೂ ಬೆಳಗ್ಗೆ 8.30ಕ್ಕೆ ಓದಿ ಚೆಲ್ಲಿ. ಹವಾಮಾನ ಇಲಾಖೆಯ ದಿನದ ಲೆಕ್ಕವೂ ಅದೇ ಹೊತ್ತಿಗೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಇಲಾಖೆ ಅದನ್ನು ಭಾರಿ ಮಳೆ ಅನ್ನುತ್ತದೆ, 115.6 ಮುಟ್ಟಿದರೆ ಅತಿ ಭಾರಿ.

ಗಾಳಿಯನ್ನು ಮರ ನೋಡಿ ಅಂದಾಜು ಮಾಡಬಹುದು. ಸಣ್ಣ ಕೊಂಬೆಗಳು ಆಡುತ್ತಾ ಧೂಳು ಏಳುತ್ತಿದ್ದರೆ ಗಂಟೆಗೆ 20ರಿಂದ 28 ಕಿ.ಮೀ. ಮರಕ್ಕೆ ಮರವೇ ತೂಗುತ್ತಿದ್ದರೆ 50 ದಾಟಿದೆ. ರೆಂಬೆಗಳು ಮುರಿದು ಬೀಳುತ್ತಿದ್ದರೆ 62ರ ಮೇಲೆ. ಆದರೆ ಅಡಿಕೆ, ತೆಂಗು ನೋಡಿ ಹೇಳಬೇಡಿ, ಅವು ಸಣ್ಣ ಗಾಳಿಗೂ ಬಳುಕುತ್ತವೆ. ಬೇವನ್ನೋ ಹುಣಸೆಯನ್ನೋ ನೋಡಿ. ದಿಕ್ಕು ಹೇಳುವಾಗ ಗಾಳಿ ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಹೇಳಿ. ಪಡುವಣ ಗಾಳಿ ಅಂತ ನಾವು ಹಿಂದಿನಿಂದ ಅನ್ನುವುದೂ ಹೀಗೇ ತಾನೆ?

ಆಲಿಕಲ್ಲಿನ ಪಕ್ಕ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಹತ್ತು ರೂಪಾಯಿ ನಾಣ್ಯ 27 ಮಿ.ಮೀ. ಅಗಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಶುರುವಿನ ದಿನಗಳಲ್ಲಿ ಒಮ್ಮೆ ಯಾರೋ ಹೇಳಿದರು ಅಂತ "ನಿಂಬೆಹಣ್ಣಿನಷ್ಟು ಆಲಿಕಲ್ಲು" ಎಂದು ನಾನೇ ವರದಿ ಕೊಟ್ಟೆ. ಆಮೇಲೆ ಹೋಗಿ ನೋಡಿದರೆ ಕಡಲೆಕಾಳಿನಷ್ಟು. ತೋಟ ಇದ್ದವರೊಬ್ಬರು ಗಾಬರಿಯಾಗಿ ಮಳೆಯಲ್ಲೇ ಬೈಕ್ ಹತ್ತಿ ಹೊರಟಿದ್ದರು. ಅವರಿಗೆ ಏನಾದರೂ ಆಗಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ. ಅಂದಿನಿಂದ ಕಣ್ಣಾರೆ ಕಂಡದ್ದು ಬೇರೆ, ಕೇಳಿದ್ದು ಬೇರೆ ಅಂತ ಬಿಡಿಸಿ ಹೇಳದೆ ನಾನು ಮೈಕ್ ಬಿಡುವುದಿಲ್ಲ.

ಹೇಳುವ ರೀತಿ

ಗುಂಪಾಗಿ ಒಂದೇ ಆವರ್ತನದಲ್ಲಿ ಮಾತಾಡುವುದನ್ನು ನೆಟ್ ಅನ್ನುತ್ತಾರೆ. ಒಬ್ಬರು ಕಂಟ್ರೋಲ್. ಅವರು ಕರೆದಾಗ ಮಾತ್ರ ಮಾತಾಡಬೇಕು. ತುರ್ತು ಇದ್ದರೆ "ಬ್ರೇಕ್" ಅಂತ ನಡುವೆ ಬರಬಹುದು. ಗುಂಡಿ ಒತ್ತಿ ಒಂದು ಕ್ಷಣ ತಡೆದು ಶುರು ಮಾಡಿ, ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತದೆ.

ಕಾಲ್‌ಸೈನ್ ಹೇಳಿದ ಮೇಲೆ ವರದಿ ಹೀಗಿರಲಿ: "ಜಗಳೂರು ತಾಲ್ಲೂಕು, ಬಿದರಕೆರೆ. ಹೊತ್ತು 16.20. ಆಲಿಕಲ್ಲು, 10 ಮಿಲಿಮೀಟರ್, ಐದು ನಿಮಿಷದಿಂದ. ಗಾಳಿ ಪೂರ್ವದಿಂದ, ಬೇವಿನ ರೆಂಬೆ ಮುರಿದಿದೆ. ಕಣ್ಣಾರೆ ಕಂಡದ್ದು. ಓವರ್." ಹತ್ತು ಹದಿನೈದು ಸೆಕೆಂಡ್‌ನಲ್ಲಿ ಮುಗಿಯಿತು. ತಾಲ್ಲೂಕಿನ ಹೆಸರು ಬಿಡಬೇಡಿ. ಬರೀ "ಹೊಸಹಳ್ಳಿ" ಅಂದರೆ ಯಾವ ಹೊಸಹಳ್ಳಿ? ಹ್ಯಾಮ್‌ಗಳು ಲಾಗ್‌ನಲ್ಲಿ ಯುಟಿಸಿ ಹೊತ್ತು, ಅಂದರೆ ಜಗತ್ತಿಗೆಲ್ಲ ಒಂದೇ ಆದ ಹೊತ್ತು, ಬರೆಯುವುದುಂಟು. ಮಳೆ ವರದಿಯಲ್ಲಿ ನಮ್ಮ ಗಡಿಯಾರದ ಹೊತ್ತನ್ನೇ ಹೇಳಿ. ಕಂಟ್ರೋಲ್‌ನವರು ಅಂಕಿಗಳನ್ನು ತಿರುಗಿ ಓದಿ ಹೇಳಬೇಕು. ಇಂಗ್ಲಿಷ್ ಅಂಕಿಯಲ್ಲಿ ಹೇಳಿದರೆ ಫಿಫ್ಟೀನ್ ಮತ್ತು ಫಿಫ್ಟಿ ಗದ್ದಲದಲ್ಲಿ ಒಂದೇ ಥರ ಕೇಳಿಸುತ್ತವೆ. "ಒಂದು, ಐದು" ಅಂತ ಬಿಡಿಸಿದರೆ ತಪ್ಪಾಗುವುದಿಲ್ಲ.

ವರದಿಯನ್ನು ಯಾರಿಗೆ ಕೊಡಬೇಕು ಅನ್ನುವುದನ್ನು ಮಳೆಗಾಲಕ್ಕೆ ಮೊದಲೇ ಮಾತಾಡಿಕೊಳ್ಳಿ. ತಹಶೀಲ್ದಾರ್ ಕಚೇರಿಗೂ ಜಿಲ್ಲಾಧಿಕಾರಿ ಕಚೇರಿಗೂ ಹೋಗಿ ನಿಮ್ಮ ತಂಡದ ಪರಿಚಯ ಕೊಟ್ಟು ಬನ್ನಿ. ಫೋನ್ ನಡೆಯುವವರೆಗೆ ಜಿಲ್ಲಾ ವಿಪತ್ತು ಸಹಾಯವಾಣಿ 1077 ಇದ್ದೇ ಇದೆ. ಬೇರೆಯವರ ಸಂದೇಶ ಹೊತ್ತು ಸಾಗಿಸುವುದಕ್ಕೆ ಹ್ಯಾಮ್ ನಿಯಮಗಳಲ್ಲಿ ಕಟ್ಟುಪಾಡು ಇದೆ. ವಿಪತ್ತಿನ ಹೊತ್ತಿನಲ್ಲಿ, ಅಧಿಕಾರಿಗಳು ಕೇಳಿಕೊಂಡಾಗ ಅದಕ್ಕೆ ದಾರಿ ಇದೆ. ಹಾಗಾಗಿಯೇ ಆ ಪರಿಚಯ ಮುಖ್ಯ. ಇನ್ನೊಂದು ಮಾತು: ನಾವು ಕಂಡದ್ದನ್ನು ಹೇಳುವವರು. ಮುನ್ಸೂಚನೆ, ಎಚ್ಚರಿಕೆ ಕೊಡುವುದು ಹವಾಮಾನ ಇಲಾಖೆಯ ಕೆಲಸ.

ಸಿಡಿಲು ಬಂದರೆ ಸೆಟ್ ಬಿಡಿ

ತಾರಸಿ ಮೇಲಿನ ಆಂಟೆನಾ ಸಿಡಿಲಿಗೆ ದಾರಿ. ಮೋಡ ಕಪ್ಪಾಗುತ್ತಿದ್ದಂತೆ ಕೇಬಲ್ ಬಿಚ್ಚಿ ಕಿಟಕಿಯ ಹೊರಗೆ ಹಾಕಿ. ಆಮೇಲೆ ಮನೆಯೊಳಗೆ ಕೂತು ಕೈ ಸೆಟ್‌ನ ಸಣ್ಣ ಆಂಟೆನಾದಲ್ಲೇ ಮಾತಾಡಿ. ದನಿ ಮುಟ್ಟದಿದ್ದರೆ ಬೇಡ, ವರದಿ ಅರ್ಧ ಗಂಟೆ ತಡವಾಗಲಿ.

ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಗುಡುಗು ಕೇಳುವವರೆಗಿನ ಸೆಕೆಂಡ್‌ಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್ ಸಿಗುತ್ತದೆ. 30 ಸೆಕೆಂಡ್‌ಗಿಂತ ಕಡಿಮೆ ಬಂದರೆ ಮಿಂಚು 10 ಕಿ.ಮೀ. ಒಳಗಿದೆ, ಹೊರಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿದ ಮೇಲೂ 30 ನಿಮಿಷ ಕಾಯಿರಿ. ಚೆನ್ನಾಗಿ ಕಾಣುತ್ತದೆ ಅಂತ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ನೆತ್ತಿಯನ್ನೋ ಕೋಟೆಯ ಬತೇರಿಯನ್ನೋ ಹತ್ತುವ ಯೋಚನೆ ಗುಡುಗಿನ ದಿನ ಮಾಡಲೇಬೇಡಿ. ಚಳ್ಳಕೆರೆ ಬಯಲಿನ ಕುರಿಗಾಹಿಗಳು ಮಳೆಗೆ ಒಂಟಿ ಮರದ ಕೆಳಗೆ ನಿಲ್ಲುತ್ತಾರೆ, ಸಿಡಿಲು ಬಡಿಯುವುದೂ ಅಂಥ ಮರಕ್ಕೇ. ನಿಮ್ಮ ಊರಿನ ಕುರಿಗಾಹಿಗೆ ಇದನ್ನು ಹೇಳಿ. ನನಗೆ ಇದು ಯಾವ ವರದಿಗಿಂತಲೂ ದೊಡ್ಡ ಕೆಲಸ.

ದೂರದ ಮಿಂಚನ್ನು ಮೊದಲೇ ಹಿಡಿಯಲು ಹಳೆಯ ಮೀಡಿಯಂ ವೇವ್ ರೇಡಿಯೊ ಸಾಕು. ಭದ್ರಾವತಿ ಆಕಾಶವಾಣಿ ಕೇಳುತ್ತಿದ್ದಾಗ ನಡುನಡುವೆ ಬರುವ ಕರಕರ ಸದ್ದು ಮಿಂಚಿನದು. ಹ್ಯಾಮ್‌ಗಳು ಇದಕ್ಕೆ ಕ್ಯೂಆರ್‌ಎನ್ ಅನ್ನುತ್ತಾರೆ. ಸದ್ದು ಪದೇ ಪದೇ ಬರತೊಡಗಿತು ಅಂದರೆ ಆಂಟೆನಾ ಬಿಚ್ಚುವ ಹೊತ್ತಾಯಿತು.

ಮಳೆ ಇಲ್ಲದ ದಿನವೂ ನೆಟ್ ನಡೆಸಿ

ವಾರಕ್ಕೆ ಒಂದು ಸಂಜೆಯಾದರೂ ಎಲ್ಲರೂ ಸೇರಿ ಹಾಜರಿ ಹಾಕಿ. ಯಾರ ಬ್ಯಾಟರಿ ಸತ್ತಿದೆ, ಯಾರ ಕೇಬಲ್ ಇಲಿ ಕಡಿದಿದೆ ಅಂತ ಗೊತ್ತಾಗುವುದು ಆಗಲೇ. ಮಳೆಯ ಪುಸ್ತಕದಲ್ಲಿ ಮಳೆ ಬರದ ದಿನ ಸೊನ್ನೆ ಬರೆಯಿರಿ, ಖಾಲಿ ಬಿಡಬೇಡಿ. ಖಾಲಿ ಅಂದರೆ ನೋಡಲಿಲ್ಲ ಅಂತ ಅರ್ಥ. ಸೊನ್ನೆ ಅಂದರೆ ನೋಡಿದೆ, ಬಂದಿಲ್ಲ. ಮುಂಗಾರು ಕೈಕೊಟ್ಟ ವರ್ಷ ಶೇಂಗಾ ಬಿತ್ತಿ ಮುಗಿಲು ನೋಡುತ್ತಾ ಕೂತವರ ಲೆಕ್ಕ ಈ ಸೊನ್ನೆಗಳಲ್ಲೇ ಇರುತ್ತದೆ. ಬೆಳಗ್ಗೆ 8.30 ದಾಟಿದ ಮೇಲೆ ಕಂಟ್ರೋಲ್ ಒಂದೊಂದೇ ಊರು ಕರೆಯಲಿ. ಮೊಳಕಾಲ್ಮೂರು, ಸೊನ್ನೆ. ಚಳ್ಳಕೆರೆ, ಸೊನ್ನೆ. ಹಿರಿಯೂರು, ಸೊನ್ನೆ. ಜಗಳೂರು, ನಾಲ್ಕು ಮಿಲಿಮೀಟರ್.